ತಣ್ಣಗಿನ ಎಂಜಿನ್ನಿನ ಸದ್ದು

ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡಿದ ಕೂಡಲೇ ಎಂಜಿನ್ನಿನ ಎಡಭಾಗದಿಂದ ಒಂದು ಸದ್ದು ಬರುತ್ತಿತ್ತು. ತಗಡಿನ ಡಬ್ಬದಲ್ಲಿ ಹುಣಸೆಬೀಜ ಹಾಕಿ ಅಲ್ಲಾಡಿಸಿದ ಹಾಗೆ. ಸ್ವಲ್ಪ ಹೊತ್ತು, ಅಷ್ಟೇ. ಎಂಜಿನ್ ಬೆಚ್ಚಗಾಗುತ್ತಿದ್ದಂತೆ ಸದ್ದು ತಾನಾಗಿ ಅಡಗಿಬಿಡುತ್ತಿತ್ತು. ಆಮೇಲೆ ಇಡೀ ದಿನ ಓಡಿಸಿದರೂ ಕೇಳುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಮತ್ತೆ ಅದೇ.

ನಾನು ತ್ಯಾಗರಾಜನಗರದ ಒಂದು ಮನೆಯ ಕೆಳಗಿನ ಭಾಗದಲ್ಲಿ ಬಾಡಿಗೆಗಿದ್ದೇನೆ. ಮೊದಲು ಅಮ್ಮನೂ ಇದ್ದಳು. ಅವಳು ಹೋದ ಮೇಲೆ ಒಬ್ಬನೇ. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆ, ಬೇಸರ ಬಂದು ಬಿಟ್ಟೆ. ಆಮೇಲೆ ಬೇರೆ ಕಡೆ ಸೇರಿದೆ, ಅದನ್ನೂ ಬಿಟ್ಟೆ. ಈಗ ಮನೆಯಲ್ಲೇ ಕೂತು ಪಠ್ಯಪುಸ್ತಕಗಳಿಗೆ ಲೆಕ್ಕಗಳನ್ನು ಬರೆದುಕೊಡುತ್ತೇನೆ. ಬದಲಾಗದೆ ಉಳಿದಿರುವುದು ಈ ಮೋಟಾರ್ ಸೈಕಲ್ಲು ಒಂದೇ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಕೊಂಡದ್ದು.

ಎಂಜಿನ್ನಿನೊಳಗೆ ಒಂದು ಸಣ್ಣ ಸರಪಳಿ ಇರುತ್ತದೆ, ಟೈಮಿಂಗ್ ಚೈನ್ ಎನ್ನುತ್ತಾರೆ. ಪಿಸ್ಟನ್ ಮೇಲಕ್ಕೂ ಕೆಳಕ್ಕೂ ಆಡುವುದಕ್ಕೂ ಎಂಜಿನ್ನಿನ ತಲೆಯ ಕಡೆ ವಾಲ್ವುಗಳು ತೆರೆದು ಮುಚ್ಚುವುದಕ್ಕೂ ಲಯ ತಪ್ಪದಂತೆ ನೋಡಿಕೊಳ್ಳುವುದು ಅದರ ಕೆಲಸ. ವರ್ಷ ಕಳೆದಂತೆ ಅದು ಸವೆದು ಸಡಿಲವಾಗುತ್ತದೆ. ಸಡಿಲವಾದದ್ದನ್ನು ಹಿಂದಿನಿಂದ ಒತ್ತಿ ಹಿಡಿಯಲು ಸ್ಪ್ರಿಂಗ್ ಇರುವ ಬೆರಳುದ್ದದ ಒಂದು ಭಾಗವಿದೆ, ಟೆನ್ಷನರ್. ಅದು ಸೋತರೆ ಚೈನು ಪಕ್ಕಕ್ಕೆ ಬಡಿದು ಸದ್ದು ಮಾಡುತ್ತದೆ. ಹಾಗೇ ಬಿಟ್ಟರೆ ಒಂದು ದಿನ ಹಲ್ಲು ಜಾರಿ ಎಂಜಿನ್ನೇ ಹಾಳಾಗುತ್ತದೆ. ಇಷ್ಟು ನನಗೆ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು, ಸದ್ದು ನಿಜವಾಗಿ ಇದೆಯೇ ಎಂಬುದು.

ಏಕೆಂದರೆ ನನ್ನನ್ನು ಬಿಟ್ಟು ಯಾರಿಗೂ ಅದು ಕೇಳಿರಲಿಲ್ಲ. ಎನ್.ಆರ್. ಕಾಲೋನಿಯಲ್ಲಿ ನಾನು ಯಾವಾಗಲೂ ಹೋಗುವ ಮೆಕ್ಯಾನಿಕ್ ಇದ್ದಾನೆ. ಅಲ್ಲಿಗೆ ಹೋಗುವಷ್ಟರಲ್ಲಿ ಎಂಜಿನ್ ಬಿಸಿಯಾಗಿರುತ್ತಿತ್ತು. ಅವನು ಎಕ್ಸಲರೇಟರ್ ತಿರುಗಿಸಿ ನೋಡಿ, ಗಾಡಿ ಬೆಣ್ಣೆ ಥರ ಇದೆ, ಯಾಕೆ ಸುಮ್ನೆ ಬಿಚ್ಚಿಸ್ತೀರಾ ಎಂದ. ಹಾಗಾದರೆ ರಾತ್ರಿ ಇಲ್ಲೇ ಬಿಟ್ಟುಹೋಗುತ್ತೇನೆ, ಬೆಳಿಗ್ಗೆ ಇಬ್ಬರೂ ಸೇರಿ ಕೇಳೋಣ ಎಂದೆ. ಒಪ್ಪಿಕೊಂಡ. ಮರುದಿನ ಬೇಗ ಎದ್ದು ನಡೆದುಕೊಂಡು ಹೋದರೆ ನನ್ನ ಗಾಡಿ ಆಗಲೇ ರಸ್ತೆಯ ಮೇಲೆ ನಿಂತಿತ್ತು. ಒಳಗೆ ಜಾಗ ಬೇಕಿತ್ತಂತೆ, ಸ್ಟಾರ್ಟ್ ಮಾಡಿ ಹೊರಗೆ ತಂದಿದ್ದರು. ಸದ್ದು ಬಂತೇ ಎಂದು ಕೇಳಿದೆ. ಯಾರೂ ಗಮನಿಸಿರಲಿಲ್ಲ.

ಫೋನಿನಲ್ಲಿ ರೆಕಾರ್ಡ್ ಮಾಡಿದೆ. ಹಾಕಿ ಕೇಳಿದರೆ ಬರೀ ಭರ್ ಎನ್ನುವ ಶಬ್ದ, ಹಿಂದೆ ಕಾಗೆಗಳು. ಫೋನು ಯಾವುದು ಬೇಕಾದ ಸದ್ದು ಯಾವುದು ಬೇಡದ್ದು ಎಂದು ತಾನೇ ತೀರ್ಮಾನಿಸಿ ಅಳಿಸಿಹಾಕುತ್ತದೆ ಎಂದು ಎಲ್ಲೋ ಓದಿದ ನೆನಪು. ಓದಿದ್ದೆನೋ, ಆ ಹೊತ್ತಿಗೆ ನಾನೇ ಕಟ್ಟಿಕೊಂಡೆನೋ.

ಕೊನೆಗೆ ಮಹಡಿಯಲ್ಲಿರುವ ಮನೆ ಯಜಮಾನರನ್ನು ಕೆಳಗೆ ಕರೆದೆ. ರಿಟೈರಾದವರು, ಸಜ್ಜನರು. ಕಾಫಿ ಲೋಟ ಹಿಡಿದುಕೊಂಡೇ ಬಂದು ಎಂಜಿನ್ನಿನ ಮುಂದೆ ಬಗ್ಗಿ ನಿಂತರು. ಸ್ಟಾರ್ಟ್ ಮಾಡಿದೆ. ಹುಣಸೆಬೀಜದ ಸದ್ದು ಸ್ಪಷ್ಟವಾಗಿ ಬಂತು, ನನಗೆ.

"ಕೇಳಿಸ್ತಾ ಸಾರ್?"

"ಗಾಡಿ ಅಂದ್ಮೇಲೆ ಸದ್ದು ಬರಲ್ವೇನ್ರೀ? ಸದ್ದೇ ಇಲ್ದಿದ್ರೆ ರಸ್ತೇಲಿ ಯಾರು ಪಕ್ಕಕ್ಕೆ ಸರೀತಾರೆ?"

ಆಮೇಲೆ ಕಿವಿ ಮುಟ್ಟಿ ನೋಡಿಕೊಂಡು, ಕಿವಿಯ ಮಿಷನ್ನು ಮೇಲೇ ಬಿಟ್ಟು ಬಂದೆ ಎಂದರು. ತರಲು ಹೊರಟರು. ಅವರು ಮೆಟ್ಟಿಲು ಹತ್ತಿ ಇಳಿಯುವಷ್ಟರಲ್ಲಿ ಎಂಜಿನ್ ಬೆಚ್ಚಗಾಗಿತ್ತು.

ಇದನ್ನು ಇಷ್ಟು ದೊಡ್ಡದು ಮಾಡಿಕೊಳ್ಳಲು ಕಾರಣವಿತ್ತು. ಅದಕ್ಕೆ ಕೆಲವು ವಾರ ಮೊದಲು ಗಾಂಧಿ ಬಜಾರಿನಲ್ಲಿ ಹೂವಿನ ಅಂಗಡಿಗಳ ಹತ್ತಿರ ಹಳೆಯ ಸಹೋದ್ಯೋಗಿಯೊಬ್ಬರು ಸಿಕ್ಕಿದ್ದರು. ತಂದೆಯವರು ಹೇಗಿದ್ದಾರೆ ಎಂದು ಕೇಳಿದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ತಮಾಷೆ ಮಾಡುತ್ತಿದ್ದೇನೆಂದು ಅನುಮಾನ ಬಂದಿರಬೇಕು. "ವೈಕುಂಠ ಸಮಾರಾಧನೆಗೆ ನೀವೂ ಬಂದಿದ್ರಲ್ಲ ಸಾರ್. ನಮ್ಮ ಭಾವನ ಪಕ್ಕದಲ್ಲೇ ಊಟಕ್ಕೆ ಕೂತಿದ್ರಿ," ಎಂದು ಮೆಲ್ಲಗೆ ಹೇಳಿದರು. ನಾನು ಏನೋ ಒಂದು ಹೇಳಿ ಸಾವರಿಸಿಕೊಂಡೆ. ಮನೆಗೆ ಬಂದು ಎಷ್ಟು ಯೋಚಿಸಿದರೂ ಆ ಊಟ ನೆನಪಿಗೆ ಬರಲಿಲ್ಲ. ಎಲೆಯಿಲ್ಲ, ಭಾವನಿಲ್ಲ, ಏನೂ ಇಲ್ಲ.

ಅಮ್ಮನಿಗೆ ಶುರುವಾದದ್ದೂ ಹೀಗೇ. ಸತ್ತವರ ಯೋಗಕ್ಷೇಮ ಕೇಳುತ್ತಿದ್ದಳು. ಕೊನೆಕೊನೆಗೆ ನನ್ನನ್ನು ತನ್ನ ತಮ್ಮನೆಂದು ತಿಳಿದು, ಶಾಲೆಗೆ ಹೊತ್ತಾಯಿತೆಂದು ಗದರುತ್ತಿದ್ದಳು. ಅವಳಿಗೆ ಇಲ್ಲದ ಸದ್ದುಗಳೂ ಕೇಳುತ್ತಿದ್ದವು. ಯಾರೋ ಗೇಟು ತೆಗೆದರು ನೋಡು ಎನ್ನುತ್ತಿದ್ದಳು. ನಾನು ಹೋಗಿ ನೋಡಿ ಬರುತ್ತಿದ್ದೆ, ಯಾರೂ ಇರುತ್ತಿರಲಿಲ್ಲ.

ಹಾಗಾಗಿ ವಿಷಯ ಸರಳವಾಗಿತ್ತು. ಸದ್ದು ಎಂಜಿನ್ನಿನಲ್ಲಿದೆ, ಇಲ್ಲವಾದರೆ ನನ್ನಲ್ಲಿದೆ. ಎಂಜಿನ್ನನ್ನಾದರೆ ಬಿಚ್ಚಿ ನೋಡಬಹುದು.

ಒಂದು ರಜೆಯ ದಿನ ಬೆಳಿಗ್ಗೆ ವರಾಂಡದಲ್ಲಿ ಹಳೆಯ ಪಂಚೆ ಹಾಸಿ ಕೂತೆ. ಮೊದಲು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗಿಟ್ಟುಕೊಂಡು ಸ್ಟಾರ್ಟ್ ಒತ್ತಿದೆ. ತಲೆಯೊಳಗೇ ಯಾರೋ ಬಾಗಿಲು ತಟ್ಟಿದ ಹಾಗಾಯಿತು. ಮೇಲೆ ವಾಲ್ವುಗಳ ಕಡೆ ಇಟ್ಟರೆ ಸದ್ದು ಕಡಿಮೆ, ಚೈನ್ ಓಡುವ ಪಕ್ಕಕ್ಕೆ ಇಟ್ಟರೆ ಜಾಸ್ತಿ, ಹಿಂದುಗಡೆ ಟೆನ್ಷನರ್ ಇರುವಲ್ಲಿ ಅತಿ ಜಾಸ್ತಿ. ಆದರೆ ಇದನ್ನೂ ಕೇಳುತ್ತಿದ್ದದ್ದು ಅದೇ ಕಿವಿ ತಾನೆ.

ಎಂಜಿನ್ ತಣಿಯಲು ಬಿಟ್ಟು, ಊಟ ಮಾಡಿ ಬಂದು ಪ್ಲಗ್ ಬಿಚ್ಚಿದೆ. ಗೇರಿನಲ್ಲಿಟ್ಟು ಹಿಂದಿನ ಚಕ್ರವನ್ನು ಕೈಯಲ್ಲಿ ತಿರುಗಿಸುತ್ತ ಪಿಸ್ಟನ್ನನ್ನು ಮೇಲಕ್ಕೆ ತಂದು ಗುರುತಿಗೆ ನಿಲ್ಲಿಸಿದೆ. ಹಾಗೆ ಮಾಡದೆ ಟೆನ್ಷನರ್ ತೆಗೆದರೆ ಚೈನು ಹಲ್ಲಿನಿಂದ ಜಾರುವ ಭಯ. ಆಮೇಲೆ ಎರಡು ಬೋಲ್ಟು. ಟೆನ್ಷನರ್ ಕೈಗೆ ಬಂತು.

ಅದರ ತುದಿಯಲ್ಲಿ ಒಂದು ಕಡ್ಡಿಯಿರುತ್ತದೆ. ಅದು ಮುಂದಕ್ಕೆ ಮಾತ್ರ ಬರಬೇಕು, ಒತ್ತಿದರೆ ಹಿಂದಕ್ಕೆ ಹೋಗಬಾರದು. ಒಳಗಿನ ಹಲ್ಲುಗಳು ಅದನ್ನು ತಡೆದು ಹಿಡಿಯುತ್ತವೆ. ಹೆಬ್ಬೆರಳಿನಿಂದ ಒತ್ತಿದೆ. ಸಲೀಸಾಗಿ ಒಳಗೆ ಹೋಯಿತು. ಬಿಟ್ಟರೆ ಹೊರಗೆ ಬಂತು, ಒತ್ತಿದರೆ ಮತ್ತೆ ಒಳಗೆ. ಹಲ್ಲು ಸವೆದಿತ್ತು. ಗಾಡಿ ನಿಂತಾಗ ಅದು ಹಿಂದೆ ಜಾರುತ್ತಿತ್ತು, ಬೆಳಿಗ್ಗೆ ಸ್ಟಾರ್ಟ್ ಆದಾಗ ಸ್ಪ್ರಿಂಗ್ ಅದನ್ನು ಮತ್ತೆ ಮುಂದೆ ತಳ್ಳುವವರೆಗೆ ಚೈನು ಬಡಿಯುತ್ತಿತ್ತು.

ಅಷ್ಟು ಹಗುರವಾದ ಗಳಿಗೆ ಇತ್ತೀಚೆಗೆ ಯಾವುದೂ ಇರಲಿಲ್ಲ. ಕಿವಿಯಲ್ಲ, ತಲೆಯಲ್ಲ, ಸವೆದ ಉಕ್ಕು. ಯಾರಿಗಾದರೂ ತೋರಿಸಬೇಕೆನಿಸಿತು. ಗೇಟಿನವರೆಗೆ ಹೋಗಿ ನಿಂತೆ. ಮಧ್ಯಾಹ್ನದ ಬಿಸಿಲು, ರಸ್ತೆ ಖಾಲಿ. ಎದುರು ಮನೆಯ ಕೆಲಸದಾಕೆ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಕೈಯಲ್ಲಿ ಎಣ್ಣೆ ಮೆತ್ತಿದ ಕಬ್ಬಿಣ ಹಿಡಿದು ನಿಂತ ನನ್ನನ್ನು ನೋಡಿ ಒಳಗೆ ಹೋದಳು. ನಾನೂ ವಾಪಸು ಬಂದೆ.

ಆಗ ಗ್ಯಾಸ್ಕೆಟ್ ನೋಡಿದೆ. ಟೆನ್ಷನರಿಗೂ ಎಂಜಿನ್ನಿಗೂ ನಡುವೆ ಎಣ್ಣೆ ಸೋರದಂತೆ ಒಂದು ತೆಳು ಹಾಳೆ ಇರುತ್ತದೆ. ಕಂಪನಿಯದಾದರೆ ಬೂದುಬಣ್ಣ, ಅಚ್ಚಿನಲ್ಲಿ ಕತ್ತರಿಸಿದ ಅಂಚು. ಇದು ರಟ್ಟು. ಎಣ್ಣೆ ಕುಡಿದು ಕಪ್ಪಾಗಿದ್ದರೂ ಒಂದು ಮೂಲೆಯಲ್ಲಿ ಗುಲಾಬಿ ಬಣ್ಣ ಉಳಿದಿತ್ತು. ಉಗುರು ಕತ್ತರಿಸುವ ಕತ್ತರಿಯಿಂದ ಕತ್ತರಿಸಿದಂತೆ ಅಂಚು ಸಣ್ಣಸಣ್ಣ ಅಲೆಯಾಗಿತ್ತು. ಒಂದು ಪಕ್ಕದಲ್ಲಿ, ಮುಂದೆ ಎಳೆದು ತೆಗೆಯಲು ಅನುಕೂಲವಾಗಲೆಂದು, ಕಿವಿಯ ಹಾಗೆ ಸ್ವಲ್ಪ ಉದ್ದ ಬಿಟ್ಟಿತ್ತು.

ಹಾಗೆ ಕಿವಿ ಬಿಡುವವನು ನಾನು. ವಿದ್ಯಾರ್ಥಿಯಾಗಿದ್ದಾಗಿನಿಂದ ಲ್ಯಾಬಿನಲ್ಲಿ ಏನು ಕತ್ತರಿಸಿದರೂ ಹಾಗೆ ಬಿಡುತ್ತಿದ್ದೆ. ಯಾವ ಮೆಕ್ಯಾನಿಕ್ಕೂ ರಟ್ಟು ಕತ್ತರಿಸುತ್ತ ಕೂರುವುದಿಲ್ಲ, ಅಂಗಡಿಯಿಂದ ತಂದು ಹಾಕುತ್ತಾನೆ. ಆ ಮೆಕ್ಯಾನಿಕ್ ಬಿಟ್ಟರೆ ಗಾಡಿ ಬೇರೆಯವರ ಕೈಗೆ ಹೋದದ್ದೇ ಇಲ್ಲ. ಅಂದರೆ ಈ ಟೆನ್ಷನರನ್ನು ನಾನೇ ಹಿಂದೆ ಒಮ್ಮೆ ಬಿಚ್ಚಿದ್ದೇನೆ, ರಟ್ಟು ಕತ್ತರಿಸಿ ಹಾಕಿದ್ದೇನೆ. ಬಿಚ್ಚಿದ್ದು ನನಗೆ ಎಳ್ಳಷ್ಟೂ ನೆನಪಿರಲಿಲ್ಲ. ಅರ್ಧ ಗಂಟೆಯ ಹಿಂದೆ, ಇದನ್ನು ಮೊದಲ ಸಲ ಮಾಡುತ್ತಿದ್ದೇನೆಂದುಕೊಂಡು ಅಷ್ಟು ಎಚ್ಚರಿಕೆಯಿಂದ ಪಿಸ್ಟನ್ನನ್ನು ಗುರುತಿಗೆ ನಿಲ್ಲಿಸಿದ್ದೆ.

ಕಿವಿ ಸರಿಯಿತ್ತು. ಹೆದರಿದ್ದು ಇನ್ನೊಂದು ಕಡೆಯಿಂದ ಬಂತು.

ಕೇಳಬಹುದಾದವಳು ಒಬ್ಬಳೇ ಇದ್ದಳು, ಮಲ್ಲೇಶ್ವರದಲ್ಲಿರುವ ನನ್ನ ತಂಗಿ. ಹಬ್ಬ ಹುಣ್ಣಿಮೆಗೆ ಫೋನು, ಅಮ್ಮನ ತಿಥಿಗೆ ಒಂದು ಊಟ, ನಮ್ಮ ನಡುವೆ ಅಷ್ಟೇ ಉಳಿದಿತ್ತು. ಜಗಳವೇನಿಲ್ಲ. ಇಬ್ಬರನ್ನೂ ಕರೆದು ಕೂರಿಸುತ್ತಿದ್ದವಳು ಹೋಗಿದ್ದಳು. ಕೈ ತೊಳೆದುಕೊಂಡು ಫೋನು ಮಾಡಿ, ನಾನು ಈ ಗಾಡಿಯ ಎಂಜಿನ್ ಯಾವತ್ತಾದರೂ ಬಿಚ್ಚಿದ್ದು ನಿನಗೆ ಗೊತ್ತೇ ಎಂದು ಕೇಳಿದೆ.

"ಯಾವಾಗ, ಅಮ್ಮ ಹೋದಾಗಲಾ?" ಎಂದಳು, ಯೋಚಿಸದೆ.

ಅಮ್ಮ ಹೋದದ್ದು ಲಾಕ್‌ಡೌನಿನ ಕಾಲದಲ್ಲಿ. ನೆಂಟರು ಬರುವಂತಿರಲಿಲ್ಲ, ಪುರೋಹಿತರು ಫೋನಿನಲ್ಲಿ ಮಂತ್ರ ಹೇಳುತ್ತಿದ್ದರು. ತಂಗಿ ನನ್ನ ಮನೆಯಲ್ಲೇ ಉಳಿದಿದ್ದಳು. ಆ ದಿನಗಳಲ್ಲಿ ಅವಳು ಅಡುಗೆಮನೆಯಲ್ಲಿ, ನಾನು ಹಾಲ್‌ನ ಬೆಂಚಿನ ಮೇಲೆ ಸೂರು ನೋಡುತ್ತ ಮಲಗಿರುತ್ತಿದ್ದೆ. ನನ್ನ ನೆನಪಿನಲ್ಲಿ ಹಾಗೆ. ಅವಳಿಗೂ ಹಾಗೇ ಹೇಳಿದೆ.

"ಮಲಗಿದ್ಯಾ? ಒಂದಿನಾನೂ ಮಲಗಿರ್ಲಿಲ್ಲ ನೀನು," ಎಂದಳು. "ಮೂರು ಹೊತ್ತೂ ವರಾಂಡದಲ್ಲಿ ಗಾಡಿ ಮುಂದೆ ಕೂತಿರ್ತಿದ್ದೆ. ನನ್ನ ಕೈಲಿ ಎಕ್ಸಲರೇಟರ್ ಹಿಡಿಸಿ, ಸ್ಕ್ರೂಡ್ರೈವರ್ ಕಿವಿಗಿಟ್ಕೊಂಡು ಕೇಳ್ತಿದ್ದೆ. ಸೂತಕದಲ್ಲಿ ಎಣ್ಣೆ ಮುಟ್ಬಾರ್ದು ಕಣೋ ಅಂದ್ರೆ, ಇದು ಎಂಜಿನ್ ಆಯಿಲ್ ಅಂದೆ. ನಂಗೆ ಅಳೂನೂ ಬಂತು, ನಗೂನೂ ಬಂತು."

ಅಂಗಡಿಗಳೆಲ್ಲ ಮುಚ್ಚಿದ್ದವಂತೆ. ಟೆನ್ಷನರನ್ನು ಸೀಮೆಎಣ್ಣೆಯಲ್ಲಿ ತೊಳೆದು ಮತ್ತೆ ಅದನ್ನೇ ಹಾಕಿದೆನಂತೆ. ಗ್ಯಾಸ್ಕೆಟ್ ಹರಿದುಹೋಗಿತ್ತು. ಅಮ್ಮ ಮಾತ್ರೆ ಇಟ್ಟುಕೊಳ್ಳುತ್ತಿದ್ದ ರಟ್ಟಿನ ಸ್ವೀಟ್ ಡಬ್ಬದ ಮುಚ್ಚಳ ಕತ್ತರಿಸಿದೆನಂತೆ. ಅದು ಗುಲಾಬಿ ಬಣ್ಣದ್ದೇ ಎಂದು ಕೇಳಿದೆ. ಹೌದೆಂದಳು. ಅದಕ್ಕಾಗಿ ಅವಳು ನನ್ನ ಜೊತೆ ಎರಡು ದಿನ ಮಾತು ಬಿಟ್ಟಿದ್ದಳಂತೆ. ಅದೂ ನನಗೆ ಗೊತ್ತಿರಲಿಲ್ಲ.

"ಯಾಕೆ, ನಿಂಗೆ ನೆನಪಿಲ್ವಾ?"

ಇಂಥ ಪ್ರಶ್ನೆಗೆ ಏನಾದರೂ ಹೇಳಿ ಸಾವರಿಸಿಕೊಳ್ಳುವುದು ಆ ಹೊತ್ತಿಗೆ ನನಗೆ ಚೆನ್ನಾಗಿ ಅಭ್ಯಾಸವಾಗಿತ್ತು.

"ಇಲ್ಲ ಕಣೇ. ಒಂದೂ ನೆನಪಿಲ್ಲ."

ನಾನು ಗಾಂಧಿ ಬಜಾರಿನ ವಿಷಯ ಹೇಳಿದೆ, ಸಮಾರಾಧನೆಯ ಊಟದ ವಿಷಯ ಹೇಳಿದೆ. ಯಾರಿಗೂ ಹೇಳಿರಲಿಲ್ಲ. ಅವಳ ಕಡೆ ಕುಕ್ಕರ್ ಕೂಗಿತು, ಅವಳು ಏಳಲಿಲ್ಲ.

"ಅಮ್ಮನ ಥರ ಆಗ್ತಿದೆ ಅಂತ ಹೆದರ್ಕೊಂಡಿದೀಯಾ?"

"ಹೂಂ."

"ಡಾಕ್ಟ್ರ ಹತ್ರ ಹೋಗೋಣ. ನಾನೂ ಬರ್ತೀನಿ. ಅಲ್ಲೀವರೆಗೂ ಒಬ್ನೇ ಕೂತ್ಕೊಂಡು ಏನೇನೋ ಲೆಕ್ಕ ಹಾಕ್ಬೇಡ."

ಆ ಸಂಜೆ ವರಾಂಡದಲ್ಲಿ ಕೂತು ನೆನಪಿಸಿಕೊಳ್ಳಲು ನೋಡಿದೆ. ಬೇಗನೇ ಬಂತು. ತಂಗಿಯ ಕೈ ಎಕ್ಸಲರೇಟರಿನ ಮೇಲೆ, ಡಬ್ಬದ ಮುಚ್ಚಳ, ಕತ್ತರಿ. ಬಂದದ್ದರ ಬಗ್ಗೆಯೇ ನನಗೆ ನಂಬಿಕೆಯಿಲ್ಲ. ಕೇಳಿದ್ದನ್ನು ಕಂಡದ್ದೆಂದು ಒಪ್ಪಿಸುವುದು ಮನಸ್ಸಿಗೆ ದೊಡ್ಡ ಕೆಲಸವಲ್ಲ. ಆ ಚಿತ್ರದಲ್ಲಿ ಅವಳು ಉಟ್ಟಿದ್ದ ಸೀರೆ ಕಳೆದ ತಿಥಿಗೆ ಉಟ್ಟು ಬಂದಿದ್ದ ಸೀರೆಯೇ ಆಗಿತ್ತು.

ಜೆ.ಸಿ. ರೋಡಿಗೆ ಹೋಗಿ ಹೊಸ ಟೆನ್ಷನರು, ಅದರ ಗ್ಯಾಸ್ಕೆಟ್ಟು ತಂದು ಹಾಕಿದೆ. ಸ್ಟಾರ್ಟ್ ಮಾಡದೆ ಬಿಟ್ಟಿದ್ದೆ. ಭಾನುವಾರ ಬೆಳಿಗ್ಗೆ ತಂಗಿ ಮೆಟ್ರೋದಲ್ಲಿ ಬಂದಳು. ಅವಳೇ ಬಟನ್ ಒತ್ತಿದಳು. ಎಂಜಿನ್ನಿನ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ನಿನಗೆ ಕೇಳುತ್ತಿದೆಯೇ ಎಂದು ಅವಳನ್ನು ಕೇಳಿದೆ, ಇಲ್ಲ ಎಂದಳು. ನನಗೂ ಇಲ್ಲ. ಒಂದು ಸಂಗತಿಯ ಬಗ್ಗೆ ಇಬ್ಬರ ಅಭಿಪ್ರಾಯವೂ ಒಂದೇ ಆದದ್ದು ಎಷ್ಟೋ ದಿನಗಳ ಮೇಲೆ.

ಮರುವಾರ ಡಾಕ್ಟರ ಹತ್ತಿರ ಹೋದೆವು. ಅವರು ನನಗೆ ಕೆಲವು ಪದ ಹೇಳಿ ಆಮೇಲೆ ಕೇಳಿದರು, ಗಡಿಯಾರ ಬರೆಸಿದರು, ನೂರರಿಂದ ಏಳೇಳು ಕಳೆಯಿರಿ ಎಂದರು. ಕಳೆಯುವುದು ನನ್ನ ಕಸುಬು, ಸರಸರನೆ ಹೇಳಿದೆ. ಅವರಿಗೆ ಅದು ಅಷ್ಟು ಮುಖ್ಯವೆನಿಸಿದಂತೆ ಕಾಣಲಿಲ್ಲ. ಓದಿದವರು ಈ ಪರೀಕ್ಷೆಗಳನ್ನು ಸುಲಭವಾಗಿ ದಾಟಿಬಿಡುತ್ತಾರಂತೆ. ತಂಗಿಯ ಕಡೆ ತಿರುಗಿದರು.

"ನೀವು ಹೇಳಿಮ್ಮಾ. ಮೊದ್ಲು ಹೇಗಿದ್ರು, ಈಗ ಹೇಗಿದಾರೆ? ವ್ಯತ್ಯಾಸ ಏನಾದ್ರೂ ಕಾಣ್ಸುತ್ತಾ?"

ತಂಗಿ ನನ್ನ ಕಡೆ ನೋಡಿದಳು. ಬಹಳ ಹೊತ್ತು ನೋಡಿದಳು.

"ಗೊತ್ತಿಲ್ಲ ಡಾಕ್ಟ್ರೇ," ಎಂದಳು. "ಹೇಳೋ ಅಷ್ಟು ನಾನು ಇವನ ಜೊತೆ ಇಲ್ಲ."

ಅವರು ತಲೆಯಾಡಿಸಿ ರಕ್ತಪರೀಕ್ಷೆಗೆ ಬರೆದುಕೊಟ್ಟರು. ಆರು ತಿಂಗಳು ಬಿಟ್ಟು ಬರಬೇಕು, ಆಗ ಅಷ್ಟೂ ದಿನ ನನ್ನನ್ನು ನೋಡುತ್ತಿದ್ದ ಯಾರಾದರೂ ಜೊತೆಯಲ್ಲಿರಬೇಕು ಎಂದರು.

ವಾರಕ್ಕೊಮ್ಮೆ ಬರುತ್ತೇನೆ ಎಂದು ತಂಗಿ ಹೇಳಿದ್ದಾಳೆ. ಎರಡು ವಾರ ಬಂದಳು, ಒಂದು ವಾರ ಬರಲಿಲ್ಲ, ಮಗಳ ಪರೀಕ್ಷೆಯಿತ್ತು. ಬಂದರೆ ವಿಶೇಷವೇನೂ ಇಲ್ಲ. ಹುರುಳಿಕಾಯಿ ಹೆಚ್ಚುತ್ತ ಕೂರುತ್ತಾಳೆ, ನಡುನಡುವೆ ನನ್ನ ಮುಖ ನೋಡುತ್ತಾಳೆ. ಆಗ ನಾನು ಮಾತು ನಿಲ್ಲಿಸಿ, ಇದನ್ನು ನಿನಗೆ ಮೊದಲೇ ಹೇಳಿದ್ದೆನಾ ಎಂದು ಕೇಳುತ್ತೇನೆ.

"ಹೇಳಿದ್ದೆ. ಪರ್ವಾಗಿಲ್ಲ, ಹೇಳು," ಎನ್ನುತ್ತಾಳೆ.