ಹುಕ್ಕೇರಿ ಅಳಿಯ

ಆ ಪಂದ್ಯಕ್ಕೆ ರೆಫರಿ ಆಗಬೇಕೆಂಬ ಆಸೆ ಶಿವಪುತ್ರನಿಗೆ ಇರಲಿಲ್ಲ. ಕಾಲೇಜು ತಂಡಗಳ ಫುಟ್‌ಬಾಲ್ ಫೈನಲ್ ನೋಡಿ ಬರೋಣವೆಂದು ಮನೆಯಿಂದ ಹೊರಟಿದ್ದನಷ್ಟೆ. ಬೆಳಗಾವಿಯಿಂದ ಬರಬೇಕಾಗಿದ್ದ ರೆಫರಿಗೆ ಜ್ವರ ಎಂದು ಬೆಳಿಗ್ಗೆ ಫೋನ್ ಬಂತು. ಗೋಕಾಕದಲ್ಲಿ ಸೀಟಿ ಊದುವ ಪರೀಕ್ಷೆ ಪಾಸಾದವರು ಯಾರಿದ್ದಾರೆ ಎಂದು ಸಂಘಟಕರು ಹುಡುಕಿದಾಗ ಸಿಕ್ಕವನು ಅವನೊಬ್ಬನೇ.

ಶಿವಪುತ್ರ ಮೂಡಲಗಿಯ ಒಂದು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕ. ಮನೆ ಗೋಕಾಕದಲ್ಲಿ. ವಯಸ್ಸು ನಲವತ್ತರ ಆಸುಪಾಸು. ದಿನಾ ಬೈಕಿನ ಮೇಲೆ ಹೋಗಿ ಬರುತ್ತಿದ್ದ. ಊರಿಗೆ ಮರಳಿದವನು ಚಹಾ ಕುಡಿದು, ಬೂಟು ಹಾಕಿಕೊಂಡು, ಕಾಲೇಜಿನ ಮೈದಾನಕ್ಕೆ ಹೋಗುವುದು ಮದುವೆಗಿಂತ ಹಳೆಯ ರೂಢಿ. ಅಲ್ಲಿ ಅವನ ಕಾಲದ ನಾಲ್ಕಾರು ಹಳಬರು, ಈಗಿನ ಕಾಲೇಜು ಹುಡುಗರು ಸೇರಿ ಕತ್ತಲಾಗುವ ತನಕ ಆಡುತ್ತಿದ್ದರು. ಹಳಬರಲ್ಲಿ ಮುಖ್ಯನಾದವನು ಅಶೋಕ. ಮೋಟಾರು ರಿವೈಂಡಿಂಗ್ ಅಂಗಡಿ ಇಟ್ಟಿದ್ದ. ಒಂದೇ ಬೆಂಚಿನಲ್ಲಿ ಕೂತು ಓದಿದವರು, ಒಂದೇ ತಂಡದಲ್ಲಿ ಆಡಿದವರು ಇಬ್ಬರೂ. ಕಾಲೇಜಿನ ತಂಡಕ್ಕೆ ತರಬೇತಿ ಕೊಡುತ್ತಿದ್ದವನೂ ಅಶೋಕನೇ. ಆ ತಂಡ ನಾಲ್ಕು ವರ್ಷದಿಂದ ಸೋತಿರಲಿಲ್ಲ.

ಈ ಸಲ ಫೈನಲ್‌ಗೆ ಎದುರಾಗಿ ಬಂದದ್ದು ಹುಕ್ಕೇರಿಯ ಒಂದು ಕಾಲೇಜು. ಅವರು ತಂಡ ಕಟ್ಟಿದ್ದೇ ಆ ವರ್ಷ. ಎಲ್ಲರ ಅಂಗಿಯ ಬಣ್ಣವೂ ಒಂದೇ ಆಗಿರಲಿಲ್ಲ. ಮೈದಾನದ ಸುತ್ತ ನಿಂತ ಜನ ಗೋಲುಗಳು ಎಷ್ಟು ಬೀಳಬಹುದು ಎಂದು ಮಾತಾಡುತ್ತಿದ್ದರೇ ಹೊರತು ಯಾರು ಗೆಲ್ಲುತ್ತಾರೆ ಎಂದಲ್ಲ.

ಆಟ ಶುರುವಾಗುವ ಮೊದಲು ಶಿವಪುತ್ರ ಹುಕ್ಕೇರಿ ತಂಡದ ಮ್ಯಾನೇಜರನ ಹತ್ತಿರ ಹೋಗಿ ಕೇಳಿದ: "ನೋಡ್ರಿ, ನಾ ಇದ ಊರಾಂವ. ಇದ ಕಾಲೇಜಿನ್ಯಾಗ ಆಡೇನಿ. ನಿಮಗ ಒಪ್ಪಿಗಿ ಇಲ್ಲಂದ್ರ ಈಗ ಹೇಳ್ರಿ."

ಮ್ಯಾನೇಜರ ನಕ್ಕ. "ನೀವು ನಮ್ಮೂರ ಅಳಿಯಾರಲ್ರಿ? ನಮಗೇನ ತಕರಾರಿಲ್ಲ."

ಸುತ್ತ ಇದ್ದವರೂ ನಕ್ಕರು. ಶಿವಪುತ್ರನ ಹೆಂಡತಿ ಅರ್ಚನಾಳ ತವರುಮನೆ ಹುಕ್ಕೇರಿ. ಅಶೋಕ ಅವನ ಬೆನ್ನಿಗೆ ಗುದ್ದಿ, "ಆತು ಬಿಡು, ಎರಡೂ ಕಡಿ ನಮ್ಮಾಂವನ" ಎಂದ.

ಮೊದಲರ್ಧದ ತುಂಬ ಚೆಂಡು ಹುಕ್ಕೇರಿಯವರ ಗೋಲಿನ ಮುಂದೆಯೇ ಇತ್ತು. ಅವರು ಹನ್ನೊಂದೂ ಜನ ಹಿಂದೆ ನಿಂತು ಬಿಟ್ಟಿದ್ದರು. ಗೋಕಾಕದವರು ಹೊಡೆದದ್ದು ಒಮ್ಮೆ ಕಂಬಕ್ಕೆ ಬಡಿಯಿತು, ಒಮ್ಮೆ ಯಾರದೋ ಬೆನ್ನಿಗೆ ಬಡಿಯಿತು, ಮತ್ತೊಮ್ಮೆ ಗೋಲ್‌ಕೀಪರನ ಕಾಲಿಗೆ ತಾಗಿ ಹೊರಗೆ ಹೋಯಿತು. ಜನ ಇನ್ನೂ ನಗುತ್ತಲೇ ಇದ್ದರು. ಎರಡನೆಯ ಅರ್ಧದಲ್ಲಿ ಬಿಸಿಲು ಇಳಿಯತೊಡಗಿದಾಗ ನಗು ನಿಂತಿತು. ಟೈಬ್ರೇಕರ್ ಆಗುತ್ತದೋ ಏನೋ ಎಂದು ಎಲ್ಲರೂ ಗಡಿಯಾರ ನೋಡಿಕೊಳ್ಳುತ್ತಿದ್ದ ಹೊತ್ತಿಗೆ ಹುಕ್ಕೇರಿಯ ಒಬ್ಬ ಹುಡುಗ ಬಾಜುವಿನಿಂದ ತಪ್ಪಿಸಿಕೊಂಡು ಓಡಿ, ಚೆಂಡನ್ನು ಎತ್ತರಕ್ಕೆ ಒಳಗೆ ಹಾಕಿದ.

ಗೋಲಿನ ಮುಂದೆ ಐದಾರು ಜನ ಒಟ್ಟಿಗೆ ಜಿಗಿದರು. ಅವರ ನಡುವೆ ಮಾಲಿಂಗನಿದ್ದ. ಕೌಜಲಗಿಯ ಕುರಿಗಾರರ ಮನೆಯ ಹುಡುಗ, ಎರಡನೇ ವರ್ಷದ ಬಿ.ಎ. ಮೂಡಲಗಿಯ ಶಾಲೆಯಲ್ಲಿ ಓದುವಾಗ ಅವನ ಕಾಲಿಗೆ ಮೊದಲ ಬೂಟು ಹಾಕಿಸಿದವನು, ಆಮೇಲೆ ಈ ಕಾಲೇಜಿಗೆ ಸೇರಿಸಿದವನೂ ಶಿವಪುತ್ರನೇ. ಗೋಕಾಕ ತಂಡದ ಹಿಂಭಾಗವನ್ನು ಕಾಯುವವನು ಅವನು. ಅವನನ್ನು ದಾಟಿ ಹೋಗುವುದು ಕಷ್ಟ ಎಂದು ಎಲ್ಲರಿಗೂ ಗೊತ್ತಿತ್ತು.

ಮಾಲಿಂಗನ ಕೈ ಮೇಲೆ ಹೋಯಿತು. ಚೆಂಡು ಅಂಗೈಗೆ ತಾಗಿ ದಿಕ್ಕು ಬದಲಿಸಿತು. ಶಿವಪುತ್ರ ನಿಂತ ಜಾಗದಿಂದ ಅದು ಸ್ವಚ್ಛವಾಗಿ ಕಂಡಿತು. ಅವನು ಯೋಚಿಸಲಿಲ್ಲ. ಸೀಟಿ ಬಾಯಲ್ಲೇ ಇತ್ತು, ಊದಿದ.

ಮಾಲಿಂಗ ಓಡಿ ಬಂದ. "ಸರ, ಭುಜಕ್ಕ ಹತ್ತೇತ್ರಿ. ಕೈ ಅಲ್ರಿ ಸರ."

"ಕೈ," ಎಂದ ಶಿವಪುತ್ರ.

"ದೇವರಾಣಿ ಸರ, ಕೈ ಅಲ್ರಿ."

ಹುಡುಗ ನೇರವಾಗಿ ಅವನ ಕಣ್ಣನ್ನೇ ನೋಡುತ್ತಿದ್ದ. ಶಿವಪುತ್ರ ಪೆನಾಲ್ಟಿಯ ಗುರುತಿನತ್ತ ಕೈ ತೋರಿಸಿದ. ಹುಕ್ಕೇರಿಯ ಹುಡುಗ ಮೆಲ್ಲಗೆ ಓಡಿ ಬಂದು ಒದ್ದ. ಗೋಲ್‌ಕೀಪರ್ ಒಂದು ಕಡೆ ಬಿದ್ದ, ಚೆಂಡು ಇನ್ನೊಂದು ಕಡೆ ಹೋಯಿತು. ಉಳಿದ ಸ್ವಲ್ಪ ಹೊತ್ತಿನಲ್ಲಿ ಗೋಕಾಕದವರು ಗಡಿಬಿಡಿಯಿಂದ ಹೊಡೆದದ್ದೆಲ್ಲ ಆಕಾಶಕ್ಕೆ ಹೋಯಿತು. ಕೊನೆಯ ಸೀಟಿ ಊದಿದಾಗ ಮೈದಾನದಲ್ಲಿ ಕೂಗಿದ್ದು ಹುಕ್ಕೇರಿಯಿಂದ ಬಂದಿದ್ದ ಒಂದು ಟೆಂಪೋದಷ್ಟು ಜನ ಮಾತ್ರ.

ಬಟ್ಟೆ ಬದಲಿಸುವ ಕೋಣೆಯಲ್ಲಿ ಅವನು ಬೂಟಿನ ಲೇಸು ಬಿಚ್ಚುತ್ತಿದ್ದಾಗ ಅಶೋಕ ಬಾಗಿಲಲ್ಲಿ ಬಂದು ನಿಂತ.

"ನೀ ಖರೇನ ನೋಡಿದೇನು?"

"ನೋಡೇನಿ."

"ಲೈನಿನವರು ಯಾರೂ ನೋಡಿಲ್ಲ."

"ಅವರಿಗೆ ಮಂದಿ ಅಡ್ಡ ಇದ್ರು. ನಂಗ ಕಂಡೈತಿ, ಅಶೋಕ."

"ಹಂಗಾರ ಆತು," ಎಂದು ಅಶೋಕ ಹೊರಟುಹೋದ. ಜಗಳವಾಡಿದ್ದರೆ ಚೆನ್ನಾಗಿತ್ತು ಎಂದು ಶಿವಪುತ್ರನಿಗೆ ಅನಿಸಿತು.

ಮರುದಿನವೇ ಊರಿನ ಹುಡುಗರ ಮೊಬೈಲ್ ಸ್ಟೇಟಸ್ಸಿನಲ್ಲಿ ಮಾಲಿಂಗನ ಫೋಟೋ ಬಂತು. ಖರೆ ಚಾಂಪಿಯನ್ ನಾವೇ ಎಂದು ಅದರ ಕೆಳಗೆ ಬರೆದಿತ್ತು. ಆಮೇಲೆ ಯಾರೋ ಶಿವಪುತ್ರನಿಗೆ ಒಂದು ಹೆಸರಿಟ್ಟರು: ಹುಕ್ಕೇರಿ ಅಳಿಯ. ಮೈದಾನದಲ್ಲಿ ಮ್ಯಾನೇಜರ ನಗುತ್ತ ಆಡಿದ ಮಾತು ಅದು. ಈಗ ಅದನ್ನು ನಗದೆ ಆಡುತ್ತಿದ್ದರು. ಮಾವನ ಮನೆಯವರಿಗೆ ಫೈನಲ್ಲಿನ ಕಪ್ ಉಡುಗೊರೆ ಕೊಟ್ಟ ಎಂದರು. ಚಹಾದಂಗಡಿಯಲ್ಲಿ ಅವನು ಹೋಗಿ ನಿಂತರೆ ಯಾರೂ ಏನೂ ಅನ್ನುತ್ತಿರಲಿಲ್ಲ. ನಡೆಯುತ್ತಿದ್ದ ಮಾತು ನಿಂತು, ಮಳೆ ಬೆಳೆಯ ಕಡೆಗೆ ಹೊರಳುತ್ತಿತ್ತು. ಅವನು ಕಪ್ಪು ಬಸಿ ಕೆಳಗಿಟ್ಟು ಹೊರಬಂದ ಮೇಲೆ ಒಳಗೆ ಮತ್ತೆ ಜೋರು ದನಿ ಕೇಳುತ್ತಿತ್ತು.

ಅರ್ಚನಾ ಮನೆಯಲ್ಲಿ ಹೆಂಗಸರಿಗೆ ಸೀರೆಯ ಜಂಪರ್ ಹೊಲಿದುಕೊಡುತ್ತಿದ್ದಳು. ಬಟ್ಟೆ ಕೊಡಲು ಬಂದ ಒಬ್ಬಳು ನಗುತ್ತಲೇ ಕೇಳಿದ್ದಳಂತೆ, ತವರುಮನೆಯವರು ಎಷ್ಟು ತೊಲಿ ಬಂಗಾರ ಹಾಕಿದರು ಎಂದು. ಅರ್ಚನಾ ಅದನ್ನು ಹೇಳುವಾಗ ನಗಲು ಯತ್ನಿಸಿದಳು, ಆಗಲಿಲ್ಲ.

"ನಂಗ ಒಂದು ತವರಮನಿ ಇರೂದ ತಪ್ಪಾತೇನ್ರಿ?"

"ನಾಕ ದಿನಾ ಅಂತಾರು, ಬಿಡ್ತಾರು," ಎಂದ ಅವನು.

ಅವನಿಗೂ ಹಾಗೆಯೇ ಅನಿಸಿತ್ತು. ಅದಕ್ಕೇ ಸಂಜೆಯ ಆಟ ಬಿಡಲಿಲ್ಲ. ಸೋತ ವಾರವೇ ಬೂಟು ಹಾಕಿಕೊಂಡು ಮೈದಾನಕ್ಕೆ ಹೋದ. ಯಾರೂ ಬೇಡ ಅನ್ನಲಿಲ್ಲ. ಅಶೋಕ ತಂಡ ಹಂಚುವಾಗ ಅವನತ್ತ ನೋಡದೆ, "ನೀ ಆ ಕಡೆ" ಎಂದ. ಆಟ ಶುರುವಾಯಿತು. ಶಿವಪುತ್ರ ಖಾಲಿ ಜಾಗ ನೋಡಿ ಓಡಿದ, ಕೈ ಎತ್ತಿದ, ಹೆಸರು ಹಿಡಿದು ಕೂಗಿದ. ಚೆಂಡು ಬರಲಿಲ್ಲ. ಹುಡುಗರು ಅವನನ್ನು ಬಳಸಿ, ಅವನ ಪಕ್ಕದವನಿಗೆ, ಅವನಿಗಿಂತ ಕಷ್ಟದ ಜಾಗದಲ್ಲಿ ನಿಂತವನಿಗೆ ಕೊಟ್ಟರು. ಎದುರಾಳಿಯ ಕಾಲಿನಿಂದ ತಪ್ಪಿ ಬಂದ ಒಂದೆರಡು ಚೆಂಡುಗಳನ್ನು ಅವನೇ ಹಿಡಿದು ಮುಂದೆ ಕಳಿಸಿದ. ಕತ್ತಲಾಗುವ ತನಕ ಹಾಗೆಯೇ ನಡೆಯಿತು. ಯಾರೂ ಮಾತಾಡಿಕೊಂಡು ಮಾಡಿದ್ದಲ್ಲ ಎಂದು ಅವನಿಗೆ ಅರ್ಥವಾಯಿತು. ಮಾತಾಡಿಕೊಂಡು ಮಾಡಿದ್ದರೆ ಯಾರಾದರೊಬ್ಬರು ಮರೆತಾದರೂ ಕೊಡುತ್ತಿದ್ದರು.

ಇನ್ನೂ ಒಂದು ವಾರ ಹೋದ. ಆಮೇಲೆ ಬಿಟ್ಟ.

ಶಾಲೆ ಬಿಟ್ಟ ಮೇಲೆ ಮೂಡಲಗಿಯಲ್ಲೇ ಉಳಿದು, ಮಕ್ಕಳೆಲ್ಲ ಹೋದ ಅಂಗಳದಲ್ಲಿ ಗೋಡೆಗೆ ಚೆಂಡು ಒದೆಯತೊಡಗಿದ. ಗೋಡೆಗೆ ಒದ್ದ ಚೆಂಡು ಒದ್ದವನ ಕಡೆಗೇ ಬರುತ್ತದೆ, ಅಷ್ಟು ಸಾಕು ಅನಿಸುತ್ತಿತ್ತು. ಮನೆ ಮುಟ್ಟಿದಾಗ ದೀಪ ಹಚ್ಚಿರುತ್ತಿತ್ತು. ಅರ್ಚನಾ ರೊಟ್ಟಿ ಬಡಿಯುತ್ತ, "ಇವತ್ತ ಆಟ ಹೆಂಗಾತ್ರಿ?" ಎಂದು ಕೇಳುತ್ತಿದ್ದಳು. "ಆತು" ಎನ್ನುತ್ತಿದ್ದ.

ಬೇಸಿಗೆ ಹತ್ತಿರವಾದಂತೆ ಅವನನ್ನು ಬೇರೊಂದು ಚಿಂತೆ ಹಿಡಿಯಿತು. ನಾನು ನಿಜವಾಗಿ ನೋಡಿದೆನೇ? ಯಾರೋ ಮೊಬೈಲಿನಲ್ಲಿ ಹಿಡಿದ ವಿಡಿಯೋ ಅವನ ಹತ್ತಿರವೂ ಬಂದಿತ್ತು. ಅದರಲ್ಲಿ ಬೆನ್ನುಗಳು, ಧೂಳು, ಒಂದು ಕೂಗು ಬಿಟ್ಟರೆ ಏನೂ ಇರಲಿಲ್ಲ. ಅದನ್ನೇ ಮತ್ತೆ ಮತ್ತೆ ನೋಡಿದ. ಒಂದು ಮಧ್ಯಾಹ್ನ ಕನ್ನಡಿಯ ಮುಂದೆ ನಿಂತು ಕೈ ಎತ್ತಿ, ಭುಜ ಎಲ್ಲಿ ಮುಗಿಯುತ್ತದೆ, ಅಂಗೈ ಎಲ್ಲಿ ಬರುತ್ತದೆ ಎಂದು ನೋಡಿಕೊಂಡ. ಹುಡುಗ ದೇವರಾಣೆ ಮಾಡಿದ್ದ. ಹತ್ತನೆಯ ತರಗತಿಯ ತನಕ ತನ್ನ ಕೈಯಲ್ಲಿ ಬೆಳೆದವನು, ಒಂದು ದಿನವೂ ಸುಳ್ಳು ಹೇಳಿದ್ದು ಗೊತ್ತಿಲ್ಲ. ಒಂದು ವೇಳೆ ನನ್ನ ಕಣ್ಣೇ ಮೋಸ ಮಾಡಿದ್ದರೆ?

ಶಾಲೆಗೆ ಸೂಟಿ ಶುರುವಾದಾಗ ಅರ್ಚನಾ ತವರಿಗೆ ಹೊರಟಳು. ಅವಳನ್ನು ಹುಕ್ಕೇರಿಗೆ ಬಿಟ್ಟು, ಮಾವ ಎಷ್ಟು ಒತ್ತಾಯ ಮಾಡಿದರೂ ಊಟಕ್ಕೆ ನಿಲ್ಲದೆ ಶಿವಪುತ್ರ ಮರಳಿದ. ಆ ಊರಲ್ಲಿ ಅವನ ಕೈ ಕುಲುಕಲು ಬರುವವರಿದ್ದರು. ಅದು ಅವನಿಗೆ ಬೇಡವಾಗಿತ್ತು. ಧುಪದಾಳದ ಹತ್ತಿರ ಕಬ್ಬು ಕಡಿದ ಹೊಲವೊಂದರಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿದ್ದರು. ರಸ್ತೆಯ ಬದಿಗೆ ಬೇವಿನ ಮರದ ಕೆಳಗೆ ನಿಂತಿದ್ದವನೊಬ್ಬ ಕೈ ಮಾಡಿ ಕರೆದ. ಹತ್ತಿರ ಹೋದ ಮೇಲೆ ಮಾಲಿಂಗನೆಂದು ತಿಳಿಯಿತು. ಅವನ ತಂದೆ ಕರೆಪ್ಪನೂ ಅಲ್ಲಿದ್ದ.

"ಬರ್ರಿ ಸರ, ನೆಳ್ಳಿಗಿ ಕುಂದರ್ರಿ," ಎಂದು ಕರೆಪ್ಪ ಕಂಬಳಿ ಹಾಸಿದ. ತಂಬಿಗೆಯಲ್ಲಿ ಮಜ್ಜಿಗೆ ತಂದುಕೊಟ್ಟ. ಎದುರಿಗೆ ಕೂತು ಹೇಳಿದ: "ಮಂದಿ ಏನೇನೋ ಅಂತಾರ್ರಿ. ನಂಗ ಆಟದ್ದೇನ ತಿಳೀತೈತ್ರಿ? ನಮ್ಮ ಹುಡುಗಗ ದಾರಿ ಹಚ್ಚಿದವ್ರು ನೀವು. ನನ್ನ ಮನಸಿನ್ಯಾಗ ಏನೂ ಇಲ್ರಿ."

ಅಷ್ಟು ಹೇಳಿ, ಒಂದು ಕುರಿ ಪಕ್ಕದ ಗೋವಿನಜೋಳಕ್ಕೆ ನುಗ್ಗಿದ್ದನ್ನು ಕಂಡು ಎದ್ದು ಹೋದ. ಮಾಲಿಂಗ ನೆಲದ ಮೇಲಿನ ಕಬ್ಬಿನ ರವದಿಯ ಒಣ ಗರಿಗಳನ್ನು ಕಾಲಿನಿಂದ ಸರಿಸುತ್ತ ನಿಂತಿದ್ದ.

"ಸರ, ಹತ್ತಿತ್ರಿ."

"ಏನು?"

"ಚೆಂಡ್ರಿ. ಕೈಗೇ ಹತ್ತಿತ್ತು."

ಶಿವಪುತ್ರ ತಂಬಿಗೆಯನ್ನು ಕೆಳಗಿಟ್ಟ.

"ಆವಾಗ ಬಾಯಿಗೆ ಬಂದದ್ದ ಅಂದ ಬಿಟ್ನಿ. ಆಮ್ಯಾಲ ಎಲ್ಲಾರೂ ಬಂದು ಹೆಗಲ ಮ್ಯಾಲ ಕೈ ಹಾಕಿದ್ರು. ನಿಂಗ ಅನ್ಯಾಯ ಆತು ಅಂದ್ರು. ಊರಾಗ ನಂಗ ಶಾಲು ಹಾಕಿದ್ರು ಸರ. ಹೆಂಗ ಹೇಳೂದ್ರಿ? ನೀವ ಹೂಂ ಅನ್ರಿ. ನಾಳೆನ ಹೋಗಿ ಅಶೋಕ ಸರಗ ಹೇಳ್ತೀನಿ. ಎಲ್ಲಾರ ಮುಂದನೂ ಹೇಳ್ತೀನಿ."

ಈ ಮಾತು ಕೇಳಬೇಕೆಂದು ಶಿವಪುತ್ರ ಎಷ್ಟು ಹಂಬಲಿಸಿದ್ದ. ಈಗ ಅದು ಎದುರಿಗಿತ್ತು. ಆದರೆ ಅವನ ಕಣ್ಣಿಗೆ ಬಂದದ್ದು ಸಂಜೆಯ ಮೈದಾನ. ಅಲ್ಲಿ ಕೈ ಎತ್ತಿ ಓಡುತ್ತಿರುವ ಮಾಲಿಂಗ. ಅವನನ್ನು ಬಳಸಿ ಹೋಗುವ ಚೆಂಡು. ನಲವತ್ತರ ತಾನು ಹೇಗೋ ತಡೆದುಕೊಂಡ. ಈ ಹುಡುಗನಿಗೆ ಇನ್ನೂ ಒಂದು ವರ್ಷ ಅವರ ಜೊತೆಗೇ ಆಡುವುದಿತ್ತು, ಅವರ ಜೊತೆಗೇ ಹಾಸ್ಟೆಲಿನಲ್ಲಿ ಉಣ್ಣುವುದಿತ್ತು.

"ಬ್ಯಾಡ," ಎಂದ.

"ಯಾಕ್ರಿ ಸರ?"

"ಮುಗದ ಹೋದ ಮ್ಯಾಚು. ನೀ ಮುಂದಿನ ವರ್ಷದ್ದ ನೋಡು. ಜಿಗಿಯುವಾಗ ಕೈ ಕೆಳಗ ಇರ್ಲಿ."

ಮಾಲಿಂಗ ತಲೆಯಾಡಿಸಿದ. ಅವನ ಮುಖದ ಮೇಲೆ ಸಮಾಧಾನ ಬಂದಿತು, ಬಹಳ ಬೇಗ ಬಂದಿತು. ಇನ್ನೊಂದು ಸಲವಾದರೂ ಕೇಳುತ್ತಾನೇನೋ ಎಂದು ಶಿವಪುತ್ರ ಕಾದಿದ್ದ. ಹುಡುಗ ಕೇಳಲಿಲ್ಲ. ಬಾಗಿ ಅವನ ಕಾಲು ಮುಟ್ಟಿ, ತಂದೆಯ ದಿಕ್ಕಿಗೆ ಓಡಿದ.

ಗೋಕಾಕದ ದಾರಿಯಲ್ಲಿ ಬೈಕು ಓಡಿಸುತ್ತ ಅವನು ತನ್ನ ಮನಸ್ಸು ಹಗುರಾಗುವುದನ್ನು ಕಾದ. ತಾನು ನೋಡಿದ್ದು ನಿಜ, ತನ್ನ ಕಣ್ಣು ಮೋಸ ಮಾಡಿರಲಿಲ್ಲ. ಆದರೆ ಅದನ್ನು ಯಾರ ಮುಂದೆ ಹೇಳುವುದು? ಸಂಶಯವಿದ್ದ ದಿನಗಳಲ್ಲಿ ಊರಿನವರ ಮೌನಕ್ಕೆ ಒಂದು ಕಾರಣವಾದರೂ ಇರಬಹುದು ಅನಿಸುತ್ತಿತ್ತು. ಈಗ ಅದೂ ಹೋಯಿತು.

ಬೀಗ ತೆಗೆದು ಒಳಗೆ ಹೋಗುತ್ತಿದ್ದಂತೆ ಅರ್ಚನಾಳ ಫೋನ್ ಬಂತು.

"ಮುಟ್ಟಿದ್ರೇನ್ರಿ?"

"ಹೂಂ, ಈಗ ಬಂದ್ನಿ."

"ಭಾಳ ಹೊತ್ತಾತಲ್ಲ. ದಾರ್ಯಾಗ ಯಾರರ ಸಿಕ್ಕಿದ್ರೇನು?"

ಹೇಳಿದರೆ ಅವಳು ಸುಮ್ಮನಿರುವವಳಲ್ಲ. ಜಂಪರಿಗೆ ಬಟ್ಟೆ ತರುವವರಿಗೆಲ್ಲ ಮೊದಲು ಅದನ್ನೇ ಹೇಳುತ್ತಾಳೆ, ಹೇಳಲು ಅವಳಿಗೆ ಹಕ್ಕೂ ಇದೆ. "ಯಾರೂ ಇಲ್ಲ. ಕುರಿ ಅಡ್ಡ ಬಂದಿದ್ವು, ನಿಂತಿದ್ನಿ," ಎಂದ. ಬೆಳಗಿನ ರೊಟ್ಟಿ, ಶೇಂಗಾ ಚಟ್ನಿ ಇತ್ತು. ತಟ್ಟೆಗೆ ಬಡಿಸಿಕೊಂಡು ಟಿವಿ ಹಾಕದೆ ಉಂಡ.

ಮುಂದಿನ ವರ್ಷ ಗೋಕಾಕದ ಕಾಲೇಜು ಮತ್ತೆ ಕಪ್ ಗೆದ್ದಿತು. ಫೈನಲ್‌ನಲ್ಲಿ ಹುಕ್ಕೇರಿಯನ್ನೇ ಸುಲಭವಾಗಿ ಸೋಲಿಸಿದರು. ನಾಯಕನಾಗಿದ್ದ ಮಾಲಿಂಗನ ಫೋಟೋ ಪೇಪರಿನಲ್ಲಿ ಬಂತು. ಆ ದಿನ ಶಿವಪುತ್ರ ಮೂಡಲಗಿಯಲ್ಲಿ ಹೆಣ್ಣುಮಕ್ಕಳ ಶಾಲಾ ಪಂದ್ಯಕ್ಕೆ ಸೀಟಿ ಊದುತ್ತಿದ್ದ. ಗೋಕಾಕದ ಆಟಗಳಿಗೆ ಅವನನ್ನು ಕರೆಯುವುದು ನಿಂತಿತ್ತು, ಅವನೂ ಕೇಳಲು ಹೋಗಿರಲಿಲ್ಲ.

ಗೆದ್ದ ಮೇಲೆ ಊರು ಆ ಪೆನಾಲ್ಟಿಯನ್ನು ಮರೆತುಬಿಟ್ಟಿತು. ಕ್ಷಮಿಸಿದ್ದೂ ಅಲ್ಲ, ತಮ್ಮ ತಪ್ಪನ್ನು ಅರಿತದ್ದೂ ಅಲ್ಲ, ಸುಮ್ಮನೆ ಮರೆತರು. ಅರ್ಚನಾಳ ಹತ್ತಿರ ಹೆಂಗಸರು ಮೊದಲಿನಂತೆ ಬಟ್ಟೆ ತಂದರು. ಚಹಾದಂಗಡಿಯಲ್ಲಿ ಮಾತು ನಿಲ್ಲುವುದು ಹೋಯಿತು. ಒಂದು ಸಂತೆಯ ದಿನ ಅವನು ಬದನೆಕಾಯಿ ಆರಿಸುತ್ತ ಕೂತಿದ್ದಾಗ ಹಿಂದಿನಿಂದ ಯಾರೋ ಹೆಗಲು ಹಿಡಿದರು. ನೋಡಿದರೆ ಅಶೋಕ.

"ಏನಪಾ, ಪತ್ತೇನ ಇಲ್ಲ? ಗ್ರೌಂಡಿಗೆ ಬರೂದ ಬಿಟ್ಟೀ?"

ಅವನ ಮುಖದಲ್ಲಿ ಯಾವ ಕಪಟವೂ ಇರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳುತ್ತಿದ್ದ. ಶಿವಪುತ್ರ ಒಂದು ಗಳಿಗೆ ಹಳೆಯ ಗೆಳೆಯನನ್ನು ನೋಡಿದ.

"ಮೊಣಕಾಲ ನೋವು," ಎಂದ.

"ಎಣ್ಣಿ ಹಚ್ಚಿ ತಿಕ್ಕೋ. ಒಂದು ನಾಕ ದಿನಾ ಆರಾಮ ತಗೊಂಡು ಬಾ," ಎಂದು ಅಶೋಕ ಬೆನ್ನು ತಟ್ಟಿ, ಉಳ್ಳಾಗಡ್ಡಿ ಸಾಲಿನ ಕಡೆಗೆ ನಡೆದ.

ಶಿವಪುತ್ರ ಬದನೆಕಾಯಿ ತೂಕ ಮಾಡಿಸಿ ಚೀಲಕ್ಕೆ ಹಾಕಿಕೊಂಡ. ಅರ್ಚನಾ ಕೊತ್ತಂಬರಿಯನ್ನೂ ಹೇಳಿದ್ದಳು. ಅದನ್ನು ಹುಡುಕುತ್ತ ಸಂತೆಯ ಇನ್ನೊಂದು ತುದಿಗೆ ಹೋದ.