ದಾವಲಕಾಕಾ ಮತ್ತು ಅಳ್ನಾವರದ ಫ್ಯಾನು

ತಿರುಗುವ ವಸ್ತು ಯಾವುದೇ ಇರಲಿ, ಒಂದಿಷ್ಟು ಓಲಾಡಿದರೂ ದಾವಲಕಾಕಾ ಹಲ್ಲುನೋವು ಬಂದವರ ಹಾಗೆ ಮುಖ ಕಿವುಚುತ್ತಿದ್ದರು. ಕಲಘಟಗಿ ಬಸ್ ನಿಲ್ದಾಣದ ಹಿಂದಿನ ಗ್ಯಾರೇಜಿನಲ್ಲಿ ಗಾಲಿ ಬ್ಯಾಲೆನ್ಸ್ ಮಾಡುವ ಮಶೀನು ಅವರ ಕೈಯಲ್ಲಿತ್ತು. ಗಾಲಿಯನ್ನು ಸಿಕ್ಕಿಸಿ ಗುಂಡಿ ಒತ್ತಿದರೆ ಅದು ಗರ್ರನೆ ತಿರುಗಿ ನಿಲ್ಲುತ್ತಿತ್ತು. ಯಾವ ಬದಿಗೆ ಎಷ್ಟು ಗ್ರಾಂ ಬೇಕೆಂದು ಕೆಂಪು ಅಂಕಿ ಮೂಡುತ್ತಿತ್ತು. ಅಷ್ಟು ತೂಕದ ಸೀಸದ ತುಂಡನ್ನು ರಿಮ್ಮಿಗೆ ಬಡಿದು ಮತ್ತೆ ತಿರುಗಿಸಬೇಕು. ಎರಡೂ ಬದಿಗೆ ಸೊನ್ನೆ ಬರುವ ತನಕ ಕಾಕಾ ಬಿಡುತ್ತಿರಲಿಲ್ಲ.

"ಐದೇ ಗ್ರಾಂ ಅಲ್ಲೇನ್ರೀ ಕಾಕಾ, ನಡೀತೈತಿ ಬಿಡ್ರಿ" ಎಂದವರಿಗೆ, "ನಿಮ್ಮ ಬೂಟಿನಾಗ ಒಂದು ಸಣ್ಣ ಹರಳು ಹಾಕ್ತೀನಿ. ಹುಬ್ಬಳ್ಳಿತನಕ ನಡಕೋತ ಹೋಗಿಬರ್ರಿ, ಆಮ್ಯಾಲ ಮಾತಾಡೂಣು" ಎನ್ನುತ್ತಿದ್ದರು.

ನಾನು ಬಮ್ಮಿಗಟ್ಟಿಯಲ್ಲಿ ಮಾಸ್ತರ. ನನ್ನ ಹಳೆಯ ಕಾರಿನ ಸ್ಟೇರಿಂಗ್ ನಡುಗುತ್ತದೆಂದು ಮೊದಲ ಸಲ ಹೋದಾಗ ಕಾಕಾ ಗಾಲಿ ಬಿಚ್ಚಿ ಒಳಗೆ ಕೆರೆದರು. ಒಣಗಿದ ಕೆಸರು ಹೆಂಟೆಹೆಂಟೆಯಾಗಿ ಉದುರಿತು. "ಮಾಸ್ತರ್ರ, ಇದಕ್ಕ ಬ್ಯಾಲೆನ್ಸಿಂಗ್ ಬ್ಯಾಡ್ರಿ. ಬತ್ತಾ ನಾಟಿ ಮಾಡ್ರಿ!"

ಅಲ್ಲಿಂದ ಸ್ನೇಹ ಬೆಳೆಯಿತು. ಮಗಳು ಶಬಾನಾಳ ಸಂಬಂಧ ಮಾತಾಡಲು ಅಳ್ನಾವರಕ್ಕೆ ಹೊರಟಾಗ ಅವರು ನನ್ನ ಕಾರನ್ನೇ ಕೇಳಿದರು. ಹಿಂದಿನ ಸೀಟಿನಿಂದ ಅವರ ಹೆಂಡತಿ ಕಾಕಿ ದಾರಿಯುದ್ದಕ್ಕೂ, "ಅಲ್ಲಿ ಸುಮ್ನ ಕುಂಡರ್ರಿ, ಏನೂ ಮುಟ್ಟಬ್ಯಾಡ್ರಿ" ಎಂದು ಹೇಳುತ್ತಲೇ ಇದ್ದರು.

ವರನ ತಂದೆ ರೈಲ್ವೆಯಿಂದ ನಿವೃತ್ತರಾದವರು, ಮಹಾ ಗಂಭೀರ. ಅವರ ನೆತ್ತಿಯ ಮೇಲೆ ಫ್ಯಾನು ಲಟಲಟ ಓಲಾಡುತ್ತಿತ್ತು. ಕಾಕಾ ನೆಲ ನೋಡಿದರು, ಗೋಡೆ ನೋಡಿದರು. ಮದುವೆಯ ಮಾತು ಶುರುವಾಗುವಷ್ಟರಲ್ಲಿ ಎದ್ದು ಫ್ಯಾನು ಆರಿಸಿ, ಸ್ಟೂಲು ಹತ್ತಿ, ಕಿಸೆಯಿಂದ ಅಂಟಿಸುವ ಸೀಸದ ತುಂಡು ತೆಗೆದು ರೆಕ್ಕೆಗೆ ಒತ್ತಿಯೇಬಿಟ್ಟರು.

"ಹಾಕ್ರಿ ಮಾಸ್ತರ್ರ!"

ಹಾಕಿದೆ. ಫ್ಯಾನು ಮೊದಲಿಗಿಂತ ಜೋರಾಗಿ ಓಲಾಡಿತು. ಸೀಸದ ತುಂಡು ಹಾರಿ ಬೀಗರಾಗಬೇಕಿದ್ದವರ ಕೈಯಲ್ಲಿದ್ದ ಶರಬತ್ತಿನ ಗ್ಲಾಸಿಗೆ ಬಿತ್ತು. ಬಿಳಿ ಅಂಗಿಯೆಲ್ಲ ಗುಲಾಬಿಯಾಯಿತು.

ಕಾಕಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಸಂಬಂಧ ಮುರಿದೇಹೋಯಿತೆಂದು ನಾನು ಕಾರಿನ ಕೀಲಿಕೈ ತಡವಿಕೊಂಡೆ. ಕಾಕಾ ಸ್ಟೂಲಿನ ಮೇಲೆಯೇ ಬಿಳಿಚಿಕೊಂಡು ನಿಂತಿದ್ದರು.

ಆಗ ಮೂಲೆಯ ಮಂಚದಿಂದ ವರನ ಅಜ್ಜಿ ಖೊಕ್ಕನೆ ನಕ್ಕರು. "ಈ ಫ್ಯಾನ್ ಯಾರದಾರ ತಲಿ ಮ್ಯಾಲ ಬೀಳತೈತಿ ಅಂತ ಮೂರು ವರ್ಷದಿಂದ ಬಡಕೋಳಾಕತ್ತೀನಿ. ಈ ಮನ್ಯಾಗ ಒಬ್ಬರೂ ಸ್ಟೂಲ್ ಹತ್ತಲಿಲ್ಲ! ಹುಡುಗಿ ಇವರ ಮಗಳಂದ್ರ ನಂಗ ಒಪ್ಪಿಗಿ."

ಬೀಗರು ಗ್ಲಾಸಿನೊಳಗೆ ಬೆರಳು ಹಾಕಿ ತುಂಡನ್ನು ತೆಗೆದು, ಒರೆಸಿ, ಮೇಲಕ್ಕೆ ಚಾಚಿದರು. "ಹತ್ತೀರಲ್ಲ, ಮುಗಿಸೇ ಇಳೀರಿ."

ನಾಲ್ಕನೆಯ ಪ್ರಯತ್ನಕ್ಕೆ ಫ್ಯಾನು ಸದ್ದಿಲ್ಲದೆ ತಿರುಗಿತು. ಮದುವೆಯೂ ಆಯಿತು.

ಕಣ್ಣು ಮಂಜಾದ ಮೇಲೆ ಕಾಕಾ ಕೆಲಸ ಬಿಟ್ಟು ಅಳ್ನಾವರಕ್ಕೆ, ಮಗಳ ಊರಿಗೇ ಹೊರಟರು; ಕಾಕಿ ಮೊದಲೇ ಅಲ್ಲಿಗೆ ಹೋಗಿದ್ದರು. ಆ ದಿನ ಬಸ್ ನಿಲ್ದಾಣದಲ್ಲಿ ಸಿಕ್ಕರು. ಮೊಮ್ಮಗಳಿಗೆಂದು ಬಣ್ಣದ ತೊಟ್ಟಿಲು ಕೊಂಡಿದ್ದರು. ಬಸ್ಸಿನ ಮೇಲೆ ಹಾಕಿ ಎಂದು ಕಂಡಕ್ಟರ್ ಗದರಿದ.

"ಬಣ್ಣ ಕೆತ್ತತೈತೋ ತಮ್ಮಾ. ಅದಕ್ಕೂ ಒಂದು ಟಿಕೀಟ್ ಹರಿ."

ಸಿಕ್ಕಿದ್ದು ಒಂದೇ ಸೀಟು. ಅಲ್ಲಿ ತೊಟ್ಟಿಲನ್ನು ಕೂಡಿಸಿ ಕಾಕಾ ನಿಂತುಕೊಂಡರು. ಬಸ್ಸು ಹೊರಟಾಗ ನಾನು ಕೈ ಬೀಸಿದೆ. ತೊಟ್ಟಿಲನ್ನು ಎರಡೂ ಕೈಯಿಂದ ತಬ್ಬಿ ಹಿಡಿದಿದ್ದ ಅವರಿಗೆ ಕೈ ಬೀಸಲಾಗಲಿಲ್ಲ. ಕಿಟಕಿಯ ಕಡೆ ಬಗ್ಗಿ ಹುಬ್ಬು ಹಾರಿಸಿದರು. ನಾನು ಅವರನ್ನು ಕಂಡದ್ದು ಅದೇ ಕೊನೆ; ಮರುವರ್ಷ ಅಳ್ನಾವರದಿಂದ ಬೀಗರೇ ಫೋನು ಮಾಡಿ, ಕಾಕಾ ತೀರಿಕೊಂಡ ಸುದ್ದಿ ಹೇಳಿದರು.