‘ಹೆಚ್ಚುಕಡಿಮೆ ಎಷ್ಟು?’ ಎಂದು ಕೇಳಿದ ಮೇಷ್ಟ್ರು

ಭೌತಶಾಸ್ತ್ರವನ್ನು ಬೋಧಿಸಿದವರು ಈ ಊರಿನಲ್ಲಿ ಹಲವರಿದ್ದಾರೆ. ಅವರಲ್ಲಿ ಗ್ರಂಥ ಬರೆದವರುಂಟು, ಪದಕ ಪಡೆದವರುಂಟು, ಗಾಜಿನ ಕಪಾಟುಗಳ ನಡುವೆ ಕುಳಿತು ನಕ್ಷತ್ರಗಳ ತೂಕ ಹಾಕಿದವರೂ ಉಂಟು. ಆದರೆ ಹಗಲೆಲ್ಲ ದುಡಿದು, ಅರ್ಧ ದಣಿವನ್ನು ಮೈಮೇಲೂ ಇನ್ನರ್ಧವನ್ನು ಕಣ್ಣಲ್ಲೂ ಹೊತ್ತು, ಸಂಜೆ ಆರೂವರೆಗೆ ಬೆಂಚಿನ ಮೇಲೆ ಕುಸಿಯುವ ನಮ್ಮಂಥವರಿಗೆ ಈ ಶಾಸ್ತ್ರ ನಮ್ಮದೇ ಎಂದು ನಂಬಿಸಿದವರು ಒಬ್ಬರೇ. ಮೂವತ್ತಾರು ವರ್ಷ ನಮ್ಮ ರಾತ್ರಿ ಶಾಲೆಯಲ್ಲಿ ಪಾಠ ಹೇಳಿ ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಮೇಷ್ಟ್ರನ್ನು ವಿದ್ಯಾರ್ಥಿಗಳೆಲ್ಲ ಕರೆಯುವುದು ‘ಹೆಚ್ಚುಕಡಿಮೆ ಮೇಷ್ಟ್ರು’ ಎಂದು. ಅವರ ಬೆನ್ನ ಹಿಂದೆ ಹುಟ್ಟಿದ ಹೆಸರು ಅದು, ಆದರೆ ಅವರೆದುರೇ ಬೆಳೆಯಿತು. ಆ ಹೆಸರಿಗೆ ಮೂಲ ಕಾರಣ ನಾನೇ ಆದ್ದರಿಂದ ಈ ಅಭಿನಂದನ ಸಂಪುಟದಲ್ಲಿ ಬರೆಯುವ ಅಧಿಕಾರ ನನಗೂ ಕೊಂಚ ಇದೆಯೆಂದು ಭಾವಿಸುತ್ತೇನೆ.

ನನಗೀಗ ಎಪ್ಪತ್ತೆಂಟು ವರ್ಷ. ಹೆಚ್ಚುಕಡಿಮೆ ಎರಡು, ಏಕೆಂದರೆ ನಾನು ಹುಟ್ಟಿದ ದಿನವನ್ನು ಯಾರೂ ಬರೆದಿಡಲಿಲ್ಲ. ಮೇಷ್ಟ್ರ ತರಗತಿಗೆ ಕಾಲಿಟ್ಟಾಗ ನನಗೆ ನಲವತ್ತೆರಡು, ಅವರಿಗೆ ಇಪ್ಪತ್ತನಾಲ್ಕು. ದೊಡ್ಡ ಆಸ್ಪತ್ರೆಯೊಂದರ ಶುದ್ಧೀಕರಣ ಕೋಣೆಯಲ್ಲಿ ಬಟ್ಟೆ ಮಡಿಸುವುದು ನನ್ನ ಕೆಲಸವಾಗಿತ್ತು. ಶಸ್ತ್ರಚಿಕಿತ್ಸೆಯ ಕತ್ತರಿ, ಚಿಮಟ, ಹಸಿರು ಬಟ್ಟೆಗಳನ್ನೆಲ್ಲ ಗಂಟು ಕಟ್ಟಿ ಒಂದು ಭಾರಿ ಉಕ್ಕಿನ ಪೀಪಾಯಿಗೆ ತುಂಬಬೇಕು; ಬಾಗಿಲು ಬಿಗಿದು ಹಬೆ ಬಿಡಬೇಕು; ಒತ್ತಡದ ಮುಳ್ಳು ಹದಿನೈದರ ಮೇಲೆ ನಿಂತು ಇಪ್ಪತ್ತು ನಿಮಿಷವಾದ ಮೇಲೆ ದಪ್ಪ ದಾಖಲೆ ಪುಸ್ತಕದಲ್ಲಿ ಒಂದು ಸಾಲು ಬರೆಯಬೇಕು. ಆ ಸಾಲಿನ ಕೊನೆಯ ಮನೆಗೆ ‘ಹೆಚ್ಚುಕಡಿಮೆ’ ಎಂಬ ತಲೆಬರಹವಿತ್ತು. ಏನಾದರೂ ಅವಘಡ ನಡೆದಿದ್ದರೆ ಬರೆಯಲೆಂದು ಮಾಡಿದ ಜಾಗ. ನಾನು ಸೇರಿದಾಗಿನಿಂದ ಅಲ್ಲಿ ಎಲ್ಲರೂ ಬರೆಯುತ್ತಿದ್ದದ್ದು ಒಂದೇ ಮಾತು: ‘ಇಲ್ಲ’.

ಮೇಷ್ಟ್ರು ಬಂದ ಮೊದಲ ವಾರವೇ ನಮ್ಮ ಕೈಗೆ ಅಡಿಕೋಲು ಕೊಟ್ಟು ಬೆಂಚಿನ ಉದ್ದ ಅಳೆಯಲು ಹೇಳಿದರು. ಕರಿಹಲಗೆಯ ಮೇಲೆ ಎರಡು ಮನೆಗಳನ್ನು ಗೀಚಿ, ಒಂದರಲ್ಲಿ ‘ಅಳತೆ’, ಇನ್ನೊಂದರಲ್ಲಿ ‘ಹೆಚ್ಚುಕಡಿಮೆ’ ಎಂದು ಬರೆದರು. ನಾನು ನಾಲ್ಕು ಸಲ ಅಳೆದೆ, ಮೊದಲ ಮನೆಯಲ್ಲಿ ಅಂಕಿ ತುಂಬಿದೆ, ಎರಡನೆಯದರಲ್ಲಿ ದುಂಡಗಿನ ಅಕ್ಷರಗಳಲ್ಲಿ ‘ಇಲ್ಲ. ಎಲ್ಲ ಸುಸೂತ್ರ’ ಎಂದು ಬರೆದೆ. ಬೆಂಚು ಮುರಿದಿರಲಿಲ್ಲ, ಯಾರ ಕೈಗೂ ಗಾಯವಾಗಿರಲಿಲ್ಲ, ಇನ್ನೇನು ಬರೆಯಲಿ?

ಹಿಂದಿನ ಬೆಂಚಿನಲ್ಲಿದ್ದ ಲಿಫ್ಟ್ ರಿಪೇರಿಯವನು ಇಣುಕಿ ನೋಡಿ, “ಅಕ್ಕ ಬೆಂಚಿನ ಕ್ಷೇಮಸಮಾಚಾರ ಬರೆದಿದಾರೆ ಸರ್!” ಎಂದು ಕೂಗಿದ. ತರಗತಿ ಗೊಳ್ಳೆಂದಿತು. ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಮೇಷ್ಟ್ರು ಮಾತ್ರ ನಗಲಿಲ್ಲ. ನನ್ನ ಪುಸ್ತಕವನ್ನು ಎತ್ತಿಕೊಂಡು, ಆಸ್ಪತ್ರೆಯ ದಾಖಲೆಯ ಕಥೆಯನ್ನು ನನ್ನ ಬಾಯಿಂದ ಪೂರ್ತಿ ಕೇಳಿಸಿಕೊಂಡು, “ಅಕ್ಕಾ, ನಾಲ್ಕು ಸಲ ಅಳೆದ್ರಲ್ಲ, ನಾಲ್ಕೂ ಸಲ ಒಂದೇ ಬಂತಾ?” ಎಂದರು.

“ಇಲ್ಲ ಸರ್. ಕೂದಲೆಳೆಯಷ್ಟು ಆಚೀಚೆ.”

“ಆ ಕೂದಲೆಳೆನೇ ನಾನು ಕೇಳ್ತಿರೋದು. ಯಾರದ್ದೂ ತಪ್ಪಲ್ಲ ಅದು. ನನಗೆ ಎಷ್ಟು ಗೊತ್ತಿಲ್ಲ ಅಂತ ಗೊತ್ತಿರೋದು, ಅಷ್ಟೇ.”

ಈ ಮಾತಿಗೆ ನಾನು ಕುಳಿತಲ್ಲೇ ಪುಳಕಗೊಂಡೆ ಎಂದರೆ ಇಂದಿನ ಮಕ್ಕಳು ನಕ್ಕಾರು. ಆದರೆ ನಲವತ್ತೆರಡು ವರ್ಷ ‘ನನಗೇನೂ ಗೊತ್ತಿಲ್ಲ’ ಎಂದುಕೊಂಡೇ ಬದುಕಿದವಳಿಗೆ, ಗೊತ್ತಿಲ್ಲದಿರುವುದಕ್ಕೂ ಒಂದು ಅಳತೆಯುಂಟು, ಅದನ್ನು ನಾಚಿಕೆಯಿಲ್ಲದೆ ಅಂಕಿಯಲ್ಲಿ ಬರೆಯಬಹುದು ಎಂದು ತಿಳಿದ ಗಳಿಗೆ ಅದು! ಅಂದಿನಿಂದ ಮೇಷ್ಟ್ರು ಯಾವ ಉತ್ತರ ಕೇಳಿದರೂ ಬೆನ್ನಿಗೇ “ಹೆಚ್ಚುಕಡಿಮೆ ಎಷ್ಟು?” ಎಂದು ಕೇಳುವರು, ತರಗತಿ ನನ್ನ ಕಡೆ ತಿರುಗುವುದು. ಹೆಸರು ಹುಟ್ಟಿದ್ದು ಹೀಗೆ.

ಈಗಿಲ್ಲದ ನನ್ನ ಯಜಮಾನರು ದರ್ಜಿಗಳಾಗಿದ್ದರು. ಮನೆಗೆ ಬಂದು ಈ ಪಾಠ ಒಪ್ಪಿಸಿದಾಗ ಅವರು ಬಾಯಲ್ಲಿ ಸೂಜಿ ಕಚ್ಚಿಕೊಂಡೇ, “ಇದಕ್ಕೆ ಶಾಲೆ ಯಾಕೆ ಬೇಕು? ಒಳಗಡೆ ಒಂದಿಂಚು ಬಟ್ಟೆ ಬಿಟ್ಟು ಹೊಲಿಯೋದು ಮತ್ತೇನಕ್ಕೆ ಕಣೇ?” ಎಂದರು. ಮರುದಿನ ಇದನ್ನು ಮೇಷ್ಟ್ರಿಗೆ ಹೇಳಿದೆ. ಅವರು ಎದ್ದು ನಿಂತೇಬಿಟ್ಟರು. “ಅವರನ್ನ ಕರ್ಕೊಂಡು ಬನ್ನಿ!” ಹೀಗೆ ಒಂದು ಶುಕ್ರವಾರ ಸಂಜೆ, ಎಂಟನೆಯ ತರಗತಿಯನ್ನೂ ಮುಗಿಸದ ನನ್ನ ಯಜಮಾನರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕುತ್ತಿಗೆಗೆ ಅಳತೆಯ ಟೇಪು ಇಳಿಬಿಟ್ಟುಕೊಂಡು, ಭೌತಶಾಸ್ತ್ರದ ಉಪನ್ಯಾಸ ಮಾಡಿದರು. ಮೇಷ್ಟ್ರು ಮೊದಲ ಬೆಂಚಿನಲ್ಲಿ ನನ್ನ ಪಕ್ಕ ಕುಳಿತು ಟಿಪ್ಪಣಿ ಬರೆದುಕೊಂಡರು.

ಉಪನ್ಯಾಸದ ಕೊನೆಗೆ ಆ ಟೇಪನ್ನು ಉಕ್ಕಿನ ಅಡಿಕೋಲಿಗೆ ಹಿಡಿದು ನೋಡಿದ ಮೇಷ್ಟ್ರು ಬೆರಗಾದರು. ಹನ್ನೊಂದು ವರ್ಷದ ಬಳಕೆಯಲ್ಲಿ ಬಟ್ಟೆಯ ಟೇಪು ಜಗ್ಗಿ, ಒಟ್ಟು ಉದ್ದದಲ್ಲಿ ಒಂದಿಂಚು ಹಿಗ್ಗಿತ್ತು. “ನೋಡಿ, ಇದು ಬೇರೆ ಜಾತಿಯ ತಪ್ಪು,” ಎಂದು ಅವರು ತರಗತಿಗೆ ವಿವರಿಸಿದರು. “ಹೆಚ್ಚುಕಡಿಮೆ ಅಂದ್ರೆ ಎರಡೂ ಕಡೆ ತೂಗಾಡುತ್ತೆ. ಇದು ಯಾವಾಗ್ಲೂ ಒಂದೇ ಕಡೆಗೆ ವಾಲುತ್ತೆ. ನೂರು ಸಲ ಅಳೆದ್ರೂ ಸಿಕ್ಕಿಬೀಳಲ್ಲ.”

ಯಜಮಾನರು ಗಲ್ಲ ತುರಿಸಿಕೊಂಡರು. “ಅಲ್ಲ ಸ್ವಾಮಿ, ಗಿರಾಕಿ ಮೈ ಅಳೆದಿದ್ದೂ ಇದರಲ್ಲೇ, ಬಟ್ಟೆ ಕತ್ತರಿಸಿದ್ದೂ ಇದರಲ್ಲೇ. ಹನ್ನೊಂದು ವರ್ಷದಲ್ಲಿ ಒಬ್ಬನ ಅಂಗಿನೂ ಬಿಗಿಯಾಗಿಲ್ಲ. ನಿಮ್ಮ ತಪ್ಪು ಎಲ್ಲಿಗೆ ಹೋಯ್ತು?”

ಮೇಷ್ಟ್ರು ಚಪ್ಪಾಳೆ ತಟ್ಟಿದ ರಭಸಕ್ಕೆ ಕೈಯಲ್ಲಿದ್ದ ಸೀಮೆಸುಣ್ಣ ಮೂರು ತುಂಡಾಯಿತು. ಎರಡೂ ಕಡೆ ಒಂದೇ ತಪ್ಪಿದ್ದರೆ ಅದು ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ ಎಂಬುದನ್ನು ಅವರು ಮುಂದೆ ಪ್ರತಿ ವರ್ಷವೂ ‘ದರ್ಜಿಯ ನಿಯಮ’ ಎಂಬ ಹೆಸರಿನಲ್ಲೇ ಕಲಿಸಿದರು. ಆ ಟೇಪು ಇಂದಿಗೂ ಪ್ರಯೋಗಾಲಯದ ಗೋಡೆಯ ಮೊಳೆಗೆ ತೂಗಿದೆ. ನನ್ನ ಯಜಮಾನರು ಸಾಯುವವರೆಗೂ, ಅದಕ್ಕಿಂತ ದೊಡ್ಡ ಸನ್ಮಾನವನ್ನು ತಾವು ಕಂಡಿಲ್ಲ ಎನ್ನುತ್ತಿದ್ದರು.

ಭೌತಶಾಸ್ತ್ರ ಕಲಿತು ಏನು ಬಂತು ಎಂದು ನನ್ನನ್ನು ಕೇಳುವವರಿಗೆ ನಾನು ಹೇಳುವುದು ಮೂರನೆಯ ವರ್ಷದ ಒಂದು ಬೆಳಗ್ಗೆಯ ಕಥೆ. ಆಗ ನನ್ನ ಕೆಲಸ ಖಾಯಂ ಆಗುವ ಕಾಗದ ಅಧೀಕ್ಷಕರ ಮೇಜಿನ ಮೇಲೆ ಸಹಿಗೆ ಕಾದಿತ್ತು. ಅದೇ ವಾರ ಪೀಪಾಯಿಯ ತಳದ ಕೊಳವೆಯಲ್ಲಿ ಸಿಕ್ಕಿಸಿದ್ದ ಹಳೆಯ ಗಾಜಿನ ಉಷ್ಣಮಾಪಕದ ಕಡೆ ನನ್ನ ಕಣ್ಣು ಬಿತ್ತು. ಯಾರೂ ಅದನ್ನು ನೋಡುತ್ತಿರಲಿಲ್ಲ. ಮುಳ್ಳು ಹದಿನೈದರ ಮೇಲೆ ಗಟ್ಟಿಯಾಗಿ ನಿಂತಿದ್ದರೂ, ನೂರ ಇಪ್ಪತ್ತೊಂದು ಡಿಗ್ರಿ ಇರಬೇಕಾದ ಪಾದರಸ ನೂರ ಹನ್ನೆರಡರಲ್ಲೇ ಕುಳಿತಿತ್ತು. ಮೇಷ್ಟ್ರು ಅದರ ಹಿಂದಿನ ತಿಂಗಳಷ್ಟೇ ಕಲಿಸಿದ್ದರು: ಒತ್ತಡದ ಮುಳ್ಳಿಗೆ ಎಷ್ಟು ತಳ್ಳುತ್ತಿದ್ದಾರೆಂಬುದು ಗೊತ್ತು, ಯಾರು ತಳ್ಳುತ್ತಿದ್ದಾರೆಂಬುದು ಗೊತ್ತಿಲ್ಲ. ಒಳಗೆ ಹಬೆಯ ಜೊತೆ ಗಾಳಿಯೂ ಸಿಕ್ಕಿಕೊಂಡಿದ್ದರೆ ಇಬ್ಬರೂ ಸೇರಿ ಮುಳ್ಳನ್ನು ಹದಿನೈದಕ್ಕೆ ತಳ್ಳಿಬಿಡುತ್ತಾರೆ, ಬಿಸಿ ಮಾತ್ರ ಸಾಲದು. ಬಿಸಿ ಸಾಲದಿದ್ದರೆ ರೋಗಾಣು ಸಾಯದು.

ಮೊದಲು ಉಪಕರಣವನ್ನು ಅನುಮಾನಿಸು ಎಂಬುದು ಮೇಷ್ಟ್ರ ಪಾಠ. ಉಷ್ಣಮಾಪಕವನ್ನು ಬಿಚ್ಚಿ ಮಂಜುಗಡ್ಡೆಯ ನೀರಿನಲ್ಲಿಟ್ಟೆ, ಕುದಿಯುವ ನೀರಿನಲ್ಲಿಟ್ಟೆ, ಐದೈದು ಸಲ. ಎರಡೂ ಕಡೆ ಬರಬೇಕಾದ್ದೇ ಬಂತು, ಒಂದು ಡಿಗ್ರಿ ಆಚೀಚೆ. ಮರುದಿನ ಬೆಳಗಿನ ಮೊದಲ ಪೀಪಾಯಿಯಲ್ಲೂ ಅದೇ ನೂರ ಹನ್ನೆರಡು. ಅಂದಿನ ಶಸ್ತ್ರಚಿಕಿತ್ಸೆಯ ಪಟ್ಟಿಯಲ್ಲಿದ್ದದ್ದು ನಾಲ್ಕು ಹೊಟ್ಟೆ, ಒಂದು ಮೊಣಕಾಲು. ಆಸ್ಪತ್ರೆಯಲ್ಲಿ ಮನುಷ್ಯರನ್ನು ಹಾಗೆಯೇ ಎಣಿಸುತ್ತಾರೆ. ನಾನು ಗಂಟುಗಳನ್ನು ಕೊಡದೆ ತಡೆದು, ನನ್ನ ಲೆಕ್ಕ ತಪ್ಪಾಗಿದ್ದರೆ, ಖಾಯಂ ಕಾಗದ ಕಸದ ಬುಟ್ಟಿಗೆ. ಕೊಟ್ಟು, ನನ್ನ ಲೆಕ್ಕ ಸರಿಯಾಗಿದ್ದರೆ, ಐದು ಜನರ ಮೈಯೊಳಗೆ ಏನು ಹೋಗುತ್ತದೋ!

ಹಜಾರದ ಫೋನಿನಿಂದ ಮೇಷ್ಟ್ರ ಮನೆ ಮಾಲೀಕರಿಗೆ ಫೋನು ಮಾಡಿ ಮೇಷ್ಟ್ರನ್ನು ಫೋನಿಗೆ ಕರೆಸಿದೆ. ಎಲ್ಲ ಕೇಳಿಸಿಕೊಂಡು ಅವರು ಕೇಳಿದ್ದು ಇಷ್ಟೇ: “ಕೊರತೆ ಎಷ್ಟು?”

“ಒಂಬತ್ತು ಡಿಗ್ರಿ ಸರ್.”

“ಹೆಚ್ಚುಕಡಿಮೆ ಎಷ್ಟು?”

“ಒಂದು.”

“ಮತ್ತೆ ನನ್ನನ್ನ ಯಾಕೆ ಕೇಳ್ತೀರಿ ಅಕ್ಕಾ?” ಎಂದು ಫೋನು ಇಟ್ಟೇಬಿಟ್ಟರು.

ಸುಳ್ಳೇಕೆ ಹೇಳಲಿ, ನನಗೆ ಅಳು ಬಂತು. ಅದರ ಹಿಂದೆಯೇ ಸಿಟ್ಟು. ಆದರೆ ಕೋಣೆಗೆ ವಾಪಸು ನಡೆಯುವ ಮೂವತ್ತು ಹೆಜ್ಜೆಗಳಲ್ಲಿ ಆ ಒಂಬತ್ತು ಮತ್ತು ಒಂದು ನನ್ನ ತಲೆಯೊಳಗೆ ಅಕ್ಕಪಕ್ಕ ನಿಂತವು. ಒಂದು ಎಷ್ಟು ಆಚೀಚೆ ಆದರೂ ಒಂಬತ್ತನ್ನು ನುಂಗಲಾರದು. ನನ್ನ ಅಜ್ಞಾನಕ್ಕಿಂತ ನನ್ನ ಜ್ಞಾನ ಎಂಟು ಡಿಗ್ರಿ ದೊಡ್ಡದಾಗಿತ್ತು! ದಾಖಲೆ ಪುಸ್ತಕ ತೆರೆದು, ನೂರ ಹನ್ನೆರಡು ಎಂದು ಬರೆದು, ಕೊನೆಯ ಮನೆಯಲ್ಲಿ ‘ಇಲ್ಲ’ ಎಂಬುದರ ಜಾಗದಲ್ಲಿ ‘ಒಂದು ಡಿಗ್ರಿ’ ಎಂದು ಬರೆದೆ. ಗಂಟುಗಳ ಬಂಡಿಗೆ ಅಡ್ಡ ನಿಂತೆ.

ದೊಡ್ಡ ಸಿಸ್ಟರ್ ಬಂದರು, ಪುಸ್ತಕ ನೋಡಿದರು. “ಇದೇನಮ್ಮಾ ಇದು? ಹೆಚ್ಚುಕಡಿಮೆ ಆಗಿದ್ಯಾ?”

“ಆಗಿದೆ ಸಿಸ್ಟರ್. ಎರಡೂ ಥರ ಆಗಿದೆ.”

ಬಾಯ್ಲರಿನ ಮೇಲ್ವಿಚಾರಕರನ್ನು ಕರೆಸಿದರು. ಅವರು ಮುಳ್ಳಿಗೆ ಬೆರಳು ಕುಟ್ಟಿ, “ಒತ್ತಡ ಸರಿ ಇದೆ, ಥರ್ಮಾಮೀಟರ್ ಮುದಿಯಾಗಿದೆ. ನೀವು ಬಟ್ಟೆ ಮಡಿಸೋರು ತಾನೇ?” ಎಂದರು.

“ಹೌದು ಸರ್, ಮಡಿಸೋಳೇ. ಥರ್ಮಾಮೀಟರ್ ಮುದಿ ಅಲ್ಲ. ಐದೈದು ಸಲ ನೋಡಿದೀನಿ, ಇಲ್ಲಿ ಬರ್ಕೊಂಡಿದೀನಿ. ಗಾಳಿ ಹಬೆಗಿಂತ ಭಾರ, ತಳದಿಂದಲೇ ಹೊರಗೆ ಹೋಗ್ಬೇಕು. ತಳದ ಜಾಲರಿ ಒಂದ್ಸಲ ಬಿಚ್ಚಿ ನೋಡಿ. ನಂದು ತಪ್ಪಾಗಿದ್ರೆ ನಾಳೆಯಿಂದ ನಾನು ಬರಲ್ಲ.”

ಬಿಚ್ಚಿದರು. ಜಾಲರಿಯ ಮೇಲೆ ವರ್ಷಗಳಿಂದ ಉದುರಿದ ನೂಲಿನ ಜುಂಗು ಚಪ್ಪಲಿಯ ಅಟ್ಟೆಯಷ್ಟು ದಪ್ಪವಾಗಿ ಮೆತ್ತಿಕೊಂಡಿತ್ತು. ನಾನೇ ಮಡಿಸಿದ ಬಟ್ಟೆಗಳ ನೂಲು. ಅದನ್ನು ಕಿತ್ತು, ಮತ್ತೆ ಹಬೆ ಬಿಟ್ಟಾಗ ಪಾದರಸ ನೂರ ಹದಿನೈದು ದಾಟಿತು, ಹದಿನೆಂಟು ದಾಟಿತು. ಮೂವರೂ ಬಗ್ಗಿ, ತಲೆಗೆ ತಲೆ ತಾಗಿಸಿ ನೋಡುತ್ತಿದ್ದೆವು. ನೂರ ಇಪ್ಪತ್ತೊಂದು ಮುಟ್ಟಿದಾಗ ದೊಡ್ಡ ಸಿಸ್ಟರ್ ನನ್ನ ಬೆನ್ನಿಗೆ ಗುದ್ದಿದ ಗುದ್ದು ಇಂದಿಗೂ ನೆನಪಿದೆ. ಅಂದಿನ ಐವರಿಗೂ ಎರಡು ಗಂಟೆ ತಡವಾಯಿತು. ಐವರೂ ಗುಣವಾಗಿ ಮನೆಗೆ ಹೋದರು.

ಕೆಲಸ ಮುಗಿಸಿ ಹೊರಬಂದರೆ ಗೇಟಿನ ಆಚೆ ಸೈಕಲ್ ಹಿಡಿದು ಮೇಷ್ಟ್ರು ನಿಂತಿದ್ದಾರೆ! ಅರ್ಧ ಮುಖ ನುಣ್ಣಗೆ, ಇನ್ನರ್ಧದಲ್ಲಿ ಗಡ್ಡ ಮತ್ತು ಒಣಗಿದ ಸೋಪು. ಫೋನು ಇಟ್ಟ ಗಳಿಗೆಯಲ್ಲೇ ಹೊರಟು ಬಂದವರು ಇಡೀ ದಿನ ಅಲ್ಲೇ ಇದ್ದರು. “ಒಳಗೆ ಬರೋದಲ್ವಾ ಸರ್!” ಎಂದು ನಾನು ರೇಗಿದೆ.

“ನಾನು ಬಂದಿದ್ರೆ ಅದು ನನ್ನ ಮಾತಾಗ್ತಿತ್ತು ಅಕ್ಕಾ. ಅಳತೆ ನಿಮ್ಮದು.”

ಕಾಗದಕ್ಕೆ ಸಹಿಯಾಯಿತು. ಆರು ವರ್ಷದಲ್ಲಿ ನಾನು ಆ ವಿಭಾಗದ ಮುಖ್ಯಸ್ಥಳಾದೆ. ದಾಖಲೆ ಪುಸ್ತಕವನ್ನು ಹೊಸದಾಗಿ ಅಚ್ಚು ಹಾಕಿಸುವಾಗ ಕೊನೆಯ ಮನೆಯನ್ನು ಎರಡಾಗಿ ಸೀಳಿಸಿದೆ: ‘ಅಳತೆಯ ಹೆಚ್ಚುಕಡಿಮೆ’ ಮತ್ತು ‘ನಡೆದ ಹೆಚ್ಚುಕಡಿಮೆ’. ಬಾಯ್ಲರಿನ ಮೇಲ್ವಿಚಾರಕರು ಮರುವರ್ಷವೇ ಮೇಷ್ಟ್ರ ತರಗತಿಗೆ ಸೇರಿ, ನನ್ನ ಹಿಂದಿನ ಬೆಂಚಿನಲ್ಲಿ ಕುಳಿತು, ನನ್ನ ಟಿಪ್ಪಣಿಗಳನ್ನು ಬೇಡಿ ಪಡೆದರು. ಕ್ಷೇಮಸಮಾಚಾರದ ಲಿಫ್ಟ್ ರಿಪೇರಿಯವನು ಇಂದು ಎತ್ತರದ ಕಟ್ಟಡಗಳ ಲಿಫ್ಟುಗಳಿಗೆ ಸುರಕ್ಷತೆಯ ಪ್ರಮಾಣಪತ್ರ ಕೊಡುವ ಅಧಿಕಾರಿ. ಹೊಲಿಗೆ ಯಂತ್ರದ ಕಾರ್ಖಾನೆಯಲ್ಲಿ ತಿರುಪು ಬಿಗಿಯುತ್ತಿದ್ದ ಗೆಳತಿ ಎಕ್ಸ್-ರೇ ವಿಭಾಗದಲ್ಲಿ ಇಪ್ಪತ್ತು ವರ್ಷ ದುಡಿದಳು. ಇವು ಕೆಲಸದ ಲಾಭಗಳಾದವು. ಇನ್ನೊಂದು ಲಾಭವಿದೆ. ಯಜಮಾನರ ಕೊನೆಯ ದಿನಗಳಲ್ಲಿ ವೈದ್ಯರು ‘ಮೂರು ತಿಂಗಳು’ ಎಂದಾಗ ನಾನು ಕುಸಿಯದೆ, “ಹೆಚ್ಚುಕಡಿಮೆ ಎಷ್ಟು ಡಾಕ್ಟ್ರೇ?” ಎಂದು ಕೇಳಿದೆ. ಆ ವೈದ್ಯರು ಪೆನ್ನು ಕೆಳಗಿಟ್ಟು ಮೊದಲ ಬಾರಿಗೆ ನಮ್ಮ ಮುಖ ನೋಡಿ ಮಾತನಾಡಿದರು. ನಮಗೆ ಏಳು ತಿಂಗಳು ಸಿಕ್ಕಿತು.

ಹಗಲಿನ ದೊಡ್ಡ ಕಾಲೇಜುಗಳು ಎರಡು ಬಾರಿ ಕರೆದರೂ ಮೇಷ್ಟ್ರು ಹೋಗಲಿಲ್ಲ. ಮುರಿದ ಮಂಚದ ಸ್ಪ್ರಿಂಗು, ಬಿಸಾಡಿದ ಕನ್ನಡಕದ ಗಾಜುಗಳಿಂದ ಕಟ್ಟಿದ ಆ ಪ್ರಯೋಗಾಲಯವನ್ನು ಬಿಟ್ಟು ತಮಗೆ ಬೇರೆ ಬ್ರಹ್ಮಾಂಡ ಬೇಡವೆಂದರು. ನಿವೃತ್ತಿಯ ನಂತರವೂ ಶುಕ್ರವಾರದ ಸಂಜೆಗಳು ತಮ್ಮವೇ ಎಂದು ಈಗಾಗಲೇ ಬೀಗದ ಕೈ ಇಟ್ಟುಕೊಂಡಿದ್ದಾರೆಂದು ಕೇಳಿ ನಮಗೆಲ್ಲ ಹಿಗ್ಗೋ ಹಿಗ್ಗು. ಅವರ ಮುಂದಿನ ಮೊದಲ ಬೆಂಚಿನಲ್ಲಿ ನನಗೊಂದು ಜಾಗವಿರಲಿ.

ಸರ್, ನಿಮಗೆ ನೂರು ವರ್ಷ ಆಯುಸ್ಸು ಎಂದು ಇಲ್ಲಿ ಬರೆಯುತ್ತಿದ್ದೇನೆ. ಹೆಚ್ಚುಕಡಿಮೆ ಎಷ್ಟು ಎಂದು ನೀವು ಕೇಳಿಯೇ ಕೇಳುತ್ತೀರಿ. ಹೆಚ್ಚಿನ ಮನೆಯಲ್ಲಿ ಇಪ್ಪತ್ತು ಎಂದು ತುಂಬಿದ್ದೇನೆ. ಕಡಿಮೆಯ ಮನೆಯಲ್ಲಿ, ನನ್ನ ಹಳೆಯ ದುಂಡಗಿನ ಅಕ್ಷರಗಳಲ್ಲಿ, ‘ಇಲ್ಲ’. ಇದು ಒಂದೇ ಕಡೆಗೆ ವಾಲುವ ತಪ್ಪು ಎಂದು ನನಗೆ ಗೊತ್ತು, ನೀವೇ ಕಲಿಸಿದ್ದು. ತಿದ್ದುವುದಿಲ್ಲ.